ವೈದ್ಯರ ಸಲಹೆಗೆ ವಿರುದ್ಧವಾಗಿ

ಬೆಳಿಗ್ಗೆ ಎಂಟೂವರೆಗೆ ಅಪ್ಪ ಪೇಡೆಯ ಡಬ್ಬಿ ಹಿಡಿದುಕೊಂಡು ಬಂದಾಗಲೇ ನಿರೀಕ್ಷಾಳಿಗೆ ಸಿಟ್ಟು ನೆತ್ತಿಗೇರಿತ್ತು. ಇನ್ನೂ ಸಹಿ ಹಾಕಿಲ್ಲ, ಕೆಲಸಕ್ಕೆ ಸೇರಿಲ್ಲ, ಆಗಲೇ ತಿಪ್ಪೇಸ್ವಾಮಿಯವರು ಕೂಕಟ್‌ಪಲ್ಲಿಯ ಆ ಅಪಾರ್ಟ್‌ಮೆಂಟಿನ ಎರಡು ಮಹಡಿಗೆ ಹಂಚಿ ಮುಗಿಸಿ ಮೂರನೆಯದಕ್ಕೆ ಹೊರಟಿದ್ದರು.

"ಅಪ್ಪಾ, ಸಹಿ ಇರೋದು ಹನ್ನೊಂದಕ್ಕೆ. ಅಲ್ಲೀತನಕ ತಡೆಯೋಕಾಗಲ್ವಾ?"

"ಕಾಗದ ರೆಡಿ ಇದೆ, ಕುರ್ಚಿ ರೆಡಿ ಇದೆ. ನೀನೇನು ಅಲ್ಲಿ ಹೋಗಿ ಬೇಡ ಅಂತೀಯಾ?" ಎಂದು ನಕ್ಕು ಅವರು ಮೆಟ್ಟಿಲು ಹತ್ತಿದರು.

ಎಂಟು ದಿನದಿಂದ ಅವಳು ಹೇಳಲಾರದೆ ಉಳಿಸಿಕೊಂಡದ್ದು ಆ 'ಬೇಡ'ವನ್ನೇ. ಮಕ್ಕಳ ವೈದ್ಯಳಾಗಲು ದೊಡ್ಡದೊಂದು ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ವರ್ಷದ ರೆಸಿಡೆನ್ಸಿ, ಅದರ ಮೇಲೆ ಕಡ್ಡಾಯ ಸೇವೆಯ ಒಂದು ವರ್ಷ. ಒಟ್ಟು ನಾಲ್ಕು ವರ್ಷ ಅವಳು ಸರಿಯಾಗಿ ನಿದ್ದೆ ಮಾಡಿದ್ದು ಯಾವಾಗ ಎಂದು ಕೇಳಿದರೆ ನೆನಪಾಗುವುದಿಲ್ಲ. ವಾರ್ಡಿನ ಮುಖ್ಯಸ್ಥೆ ಶ್ರೀಲಕ್ಷ್ಮಿ ಮೇಡಂ ನಿವೃತ್ತರಾಗಿ ಮಣಿಕೊಂಡದ ಹೊಸ ಖಾಸಗಿ ಆಸ್ಪತ್ರೆಯ ಮಕ್ಕಳ ವಿಭಾಗ ವಹಿಸಿಕೊಂಡಿದ್ದರು. ಇಡೀ ಬ್ಯಾಚಿನಲ್ಲಿ ಅವರು ಅಲ್ಲಿಗೆ ಕರೆದದ್ದು ನಿರೀಕ್ಷಾಳೊಬ್ಬಳನ್ನೇ. "ಔಷಧಿ ಯಾರು ಬೇಕಾದರೂ ಬರೀತಾರಮ್ಮಾ. ತಂದೆತಾಯಿಗಳನ್ನು ಒಪ್ಪಿಸೋ ಮಾತು ನಿನ್ನ ಹತ್ತಿರ ಇದೆ" ಎಂದಿದ್ದರು.

ಇನ್ನೊಂದು ಕೆಲಸವೂ ಇತ್ತು. ನಾಂಪಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ, ಒಂದು ವರ್ಷದ ಗುತ್ತಿಗೆಯ ಮೇಲೆ. ಐದು ವರ್ಷದೊಳಗಿನ ಮಗು ತೀರಿಕೊಂಡ ಮನೆಗೆ ಹೋಗಬೇಕು, ಮಗು ಹೇಗೆ ಸತ್ತಿತು ಎಂದು ಕೇಳಬೇಕು, ಕೇಳಿದ್ದನ್ನು ಬರೆದುಕೊಡಬೇಕು. ಅರ್ಜಿಗೆ ಇಂದು ಸಂಜೆ ಐದರ ಗಡುವು. ಜೊತೆಗೆ ಓದಿದ ಹೇಮಂತ ಫೋನಿನಲ್ಲಿ ನಕ್ಕುಬಿಟ್ಟಿದ್ದ: "ಎಂಡಿ ಮಾಡಿ ಹೆಣ ಎಣಿಸ್ತೀಯಾ?" ಊಟದ ಹೊತ್ತಿನಲ್ಲಿ ಅವಳು ಮೆಲ್ಲಗೆ ವಿಷಯ ತೆಗೆದಾಗ ಅಪ್ಪ ನಗಲಿಲ್ಲ. "ಸತ್ತ ಮಕ್ಕಳಿಗೆ ಡಾಕ್ಟರು ಯಾಕೆ ಬೇಕು?" ಎಂದು ಕೇಳಿ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡಿದ್ದರು.

ಒಂಬತ್ತಕ್ಕೆ ಬಾಗಿಲ ಗಂಟೆ ಸದ್ದಾಯಿತು. ತೆಗೆಯಲು ಹೋದ ಅಮ್ಮ ಸುಭದ್ರಾ ಮುಖ ಗಂಟಿಕ್ಕಿಕೊಂಡು ಬಂದರು. "ಯಾರೋ ನಿನ್ನ ಆಸ್ಪತ್ರೆಯವಳು. ಮನೆ ಅಡ್ರೆಸ್ ಬೇರೆ ಕೊಟ್ಟಿದ್ದೀಯಾ?"

ಕೊಟ್ಟವಳು ಅವಳಲ್ಲ, ವಾರ್ಡಿನ ಆಯಾ ಶಾರದಾಬಾಯಿ. ಹೊಸ್ತಿಲಾಚೆ ನಿಂತಿದ್ದ ಹೆಂಗಸಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. ಕೈಯಲ್ಲಿ ಪ್ಲಾಸ್ಟಿಕ್ ಕವರು.

"ಗುರ್ತು ಸಿಕ್ತೇನ್ರಿ ಡಾಕ್ಟರಮ್ಮಾರ? ನಾಕನೇ ಮಂಚ. ಸುವರ್ಣಾನ ಅವ್ವ."

ಸಿಕ್ಕಿತು. ಹೆಸರು ಶಂಕ್ರಮ್ಮ. ಯಾದಗಿರಿ ಕಡೆಯವರು, ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಬಂದವರು. ಹನ್ನೊಂದು ತಿಂಗಳ ಹುಡುಗಿಗೆ ನ್ಯುಮೋನಿಯಾ. ವಾರ್ಡಿನಿಂದ ಹೋಗಿ ನಾಲ್ಕು ತಿಂಗಳಾಯಿತು.

"ಒಳಗ ಬಾ, ಕುಂದ್ರು."

"ಕುಂದ್ರಾಕ ಬಂದಿಲ್ರಿ. ಒಂದ ಮಾತ ಕೇಳಿ ಹೋಗ್ತೀನಿ. ಅವತ್ತ ನೀವು 'ಊರಿಗಿ ಕರ್ಕೊಂಡು ಹೋಗು' ಅಂದ್ರೋ, 'ಇಲ್ಲೇ ಇರು' ಅಂದ್ರೋ?"

ಅವಳು ಕವರಿನಿಂದ ಕಾಗದ ತೆಗೆದು ಚಾಚಿದಳು. ಮೇಲೆ ತೆಲುಗು, ಕೆಳಗೆ ಇಂಗ್ಲಿಷ್, ಮೂಲೆಯಲ್ಲಿ ನೇರಳೆ ಬಣ್ಣದ ಹೆಬ್ಬೆಟ್ಟು. ಅದರ ಪಕ್ಕದಲ್ಲಿ ನಿರೀಕ್ಷಾಳ ಸಹಿ.

"ಹೋದ ತಿಂಗಳ ಹುಡುಗಿ ಹೆಸರ ರೇಷನ್ ಕಾರ್ಡಿನ್ಯಾಗಿಂದ ತಗ್ಸಾಕ ದವಾಖಾನಿ ಕಾಗದ ಬೇಕಂದ್ರರೀ. ಇವರು ಸೈಟಿನ ಮೇಸ್ತ್ರಿ ಕಡಿಂದ ಓದ್ಸಿದ್ರು. ಡಾಕ್ಟರು ಇರ್ರಿ ಅಂದ್ರೂ ನಾನ ಹಟಾ ಮಾಡಿ ಕೂಸಿನ್ನ ಎಬ್ಬಿಸ್ಕೊಂಡು ಹೋದೆ ಅಂತ ಬರ್ದೈತಂತ. ಅವತ್ತ ಇವರು ಕೆಲಸಕ್ಕ ಹೋಗಿದ್ರು, ಹೆಬ್ಬಟ್ಟ ಒತ್ತಿದಾಕಿ ನಾನ. ಈಗ ನಾ ಏನ್ ಹೇಳಿದ್ರೂ ನಂಬವಲ್ರು. ನಾ ಮಾಡಿದ್ದ ಉಣ್ಣವಲ್ರು. ನಾಡದ ನನ್ನ ತವರಿಗಿ ಬಿಟ್ಟ ಬರ್ತಾರಂತ."

"ಎಲ್ಲದಾರ ಅವರು?"

"ಕೆಳಗ ನಿಂತಾರ್ರಿ. ಸುಳ್ಳಿ ಜೋಡಿ ಮ್ಯಾಲ ಬರಂಗಿಲ್ಲ ಅಂದಾರ."

ನಿರೀಕ್ಷಾ ಕಾಗದ ತೆಗೆದುಕೊಂಡಳು. ಓದುವ ಅಗತ್ಯವಿರಲಿಲ್ಲ. 'ವೈದ್ಯರ ಸಲಹೆಗೆ ವಿರುದ್ಧವಾಗಿ, ನಮ್ಮ ಸ್ವಂತ ಇಚ್ಛೆಯಿಂದ.' ಅಚ್ಚಾದ ಆ ಸಾಲು ಅವಳಿಗೆ ಬಾಯಿಪಾಠ.

ಪ್ರತಿ ಸೋಮವಾರ ವಾರ್ಡಿನ ಸಾವುಗಳ ಲೆಕ್ಕ ಕೊಡುವ ಮೀಟಿಂಗು. ಶನಿವಾರ ಬೆಳಿಗ್ಗೆ ರೌಂಡ್ಸಿನಲ್ಲಿ ಮೇಡಂ ಒಂದೊಂದೇ ಮಂಚದ ಮುಂದೆ ನಿಂತು, ಭಾನುವಾರ ದಾಟದ ಮಗು ಯಾವುದು ಎಂದು ಕಣ್ಣಲ್ಲೇ ಅಳೆಯುತ್ತಿದ್ದರು. ಅದು ಕನ್ನಡದವರ ಮಗುವಾದರೆ ಕತ್ತು ಹೊರಳಿಸುತ್ತಿದ್ದರು: "ಏಮ್ಮಾ ನಿರೀಕ್ಷಾ, ಮೀ ವಾಳ್ಳು. ನೀನೇ ಮಾತಾಡು." ಮೀ ವಾಳ್ಳು, ನಿಮ್ಮವರು. ಯಾದಗಿರಿ, ರಾಯಚೂರು, ಕಲಬುರಗಿ ಎಲ್ಲ ಅವಳವರು. ಮನೆಯಲ್ಲಿ ಚಿತ್ರದುರ್ಗದ ಮಾತಾಡುತ್ತ ಬೆಳೆದವಳು 'ಐತಿ', 'ಹೋಗ್ರಿ' ಕಲಿತದ್ದು ಈ ಕೆಲಸಕ್ಕಾಗಿ. ಅವರ ಪಕ್ಕ ಕುಳಿತು, ಬೆನ್ನ ಮೇಲೆ ಕೈಯಿಟ್ಟು, "ಇಲ್ಲಿ ಇನ್ನೇನೂ ಆಗೂದಿಲ್ಲವ್ವಾ, ನಿಮ್ಮ ಊರಿಗಿ ಕರ್ಕೊಂಡು ಹೋಗ್ರಿ" ಎನ್ನುತ್ತಿದ್ದಳು. ಆಮೇಲೆ ಶಾಯಿಯ ಡಬ್ಬಿ ತೆರೆಯುತ್ತಿದ್ದಳು. ಅವರು ಹೋದರೆ ಸಾವು ವಾರ್ಡಿನದಲ್ಲ. ಕಾಗದದ ಪ್ರಕಾರ ತಪ್ಪೂ ವಾರ್ಡಿನದಲ್ಲ.

ಆಗ ಇದ್ದ ಐದು ವೆಂಟಿಲೇಟರೂ ಖಾಲಿಯಿರಲಿಲ್ಲ. ಖಾಲಿಯಾಗುವವರೆಗೆ ತಾಯಂದಿರೇ ಕೈಯಿಂದ ಗಾಳಿಚೀಲ ಒತ್ತಬೇಕು. ಈ ಶಂಕ್ರಮ್ಮ ಹತ್ತೊಂಬತ್ತು ಗಂಟೆ ಒತ್ತಿದ್ದಳು. ಅಷ್ಟು ಒತ್ತಿದ ಕೈಯ ಹೆಬ್ಬೆರಳನ್ನೇ ಹಿಡಿದು ನಿರೀಕ್ಷಾ ಕಾಗದಕ್ಕೆ ಊರಿಸಿದ್ದಳು.

ಅಂಥವು ಎಷ್ಟು ಕಾಗದ? ಅವಳು ಎಣಿಸಿರಲಿಲ್ಲ. ಅದು ಹೊಳೆದಾಗ ಸಿಟ್ಟು ಯಾರ ಮೇಲೆ ತಿರುಗಬೇಕೋ ತಿಳಿಯದೆ ಮೈಯೆಲ್ಲ ಉರಿಯಿತು.

ಪೇಡೆ ಹಂಚಿ ಮುಗಿಸಿ ಬಂದ ಅಪ್ಪ ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡಿದ್ದರು. ಅವಳನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದರು. "ನೋಡು ಮರಿ, ಬಾಯಲ್ಲಿ ಏನು ಬೇಕಾದರೂ ಹೇಳಿ ಸಮಾಧಾನ ಮಾಡು. ಬರವಣಿಗೆಯಲ್ಲಿ ಒಂದಕ್ಷರ ಕೊಡಬೇಡ. ಇವತ್ತಂತೂ ಕೊಡಲೇಬೇಡ."

"ಮೂವತ್ತೆರಡು ವರ್ಷ ಫ್ಯಾಕ್ಟರೀಲಿ ಮಾಲು ಪರೀಕ್ಷೆ ಮಾಡಿದವರು ನೀವು. ಕೆಟ್ಟದ್ದಕ್ಕೆಲ್ಲ ಕೆಂಪು ಚೀಟಿ ಅಂಟಿಸ್ತಿದ್ರಿ. ಯಾರಾದರೂ ಅದನ್ನ ಹಿಂದಿನ ಗೇಟಿಂದ ಸಾಗಿಸಿ, ಅದೇ ಎದ್ದು ಹೋಯ್ತು ಅಂತ ಬರೆದಿದ್ರೆ ಬಿಡ್ತಿದ್ರಾ?"

"ಅದು ಕಬ್ಬಿಣ ಕಣೇ."

"ಹೌದು, ಕಬ್ಬಿಣ."

ಅಮ್ಮ ಒಲೆಯ ಮೇಲಿನ ಹಾಲನ್ನೇ ನೋಡುತ್ತ, "ಆ ಹುಡುಗಿಗೆ ನೀರಾದರೂ ಕೊಟ್ಟಿರಾ?" ಎಂದರು. ಯಾರೂ ಕೊಟ್ಟಿರಲಿಲ್ಲ. ಅವರೇ ಲೋಟ ತೆಗೆದುಕೊಂಡು ಹೋದರು. ನಿರೀಕ್ಷಾ ತನ್ನ ಔಷಧಿ ಚೀಟಿ ಬರೆಯುವ ಪುಸ್ತಕ ಎತ್ತಿಕೊಂಡು ಶಂಕ್ರಮ್ಮನ ಜೊತೆ ಕೆಳಗಿಳಿದಳು.

ಗಾಡಿಗಳು ನಿಲ್ಲುವ ಜಾಗದ ಕಂಬಕ್ಕೆ ಒರಗಿ ಬೂದೆಪ್ಪ ನಿಂತಿದ್ದ. ರೆಪ್ಪೆಯಲ್ಲೂ ಸಿಮೆಂಟಿನ ಧೂಳು. ಅವಳನ್ನು ಕಂಡು ನೆಟ್ಟಗಾದ, ಕೈ ಮುಗಿಯಲಿಲ್ಲ.

"ನಿಮ್ಮ ಹೇಣ್ತಿ ಹೇಳಿದ್ದ ಖರೆ. ಕರ್ಕೊಂಡು ಹೋಗ್ರಿ ಅಂದಾಕಿ ನಾನು."

"ಹಂಗಾರ ಕಾಗದ ಸುಳ್ಳ?"

"ಸುಳ್ಳು."

"ಯಾರ್ ಬರ್ದಾರ?"

"ಅಚ್ಚ ಹಾಕ್ಸಿದ್ದು ದವಾಖಾನಿ. ಹೆಸರು ತುಂಬಿ ಸಹಿ ಮಾಡಿದ್ದು ನಾನು."

ವಾಚ್‌ಮನ್ ತನ್ನ ಕುರ್ಚಿಯನ್ನು ಸದ್ದಿಲ್ಲದೆ ಹತ್ತಿರ ಎಳೆದುಕೊಂಡ.

"ನಮ್ಮ ಭಾಷಾದಾಗ ಮಾತಾಡ್ತೀರಿ ಅಂತ ಭಾಳ ನಂಬಿದ್ವಿ ನಿಮಗ" ಎಂದ ಬೂದೆಪ್ಪ. "ಇಟ್ಕೊಂಡಿದ್ರ ಉಳೀತಿತ್ತೇನ್ರಿ?"

ನಾಲ್ಕು ವರ್ಷದಲ್ಲಿ ಇಂಥ ಪ್ರಶ್ನೆಗೆ ಎಷ್ಟೋ ಮೆತ್ತನೆಯ ಉತ್ತರಗಳನ್ನು ಅವಳು ರೂಢಿಸಿಕೊಂಡಿದ್ದಳು. ಅವುಗಳಲ್ಲಿ ಒಂದನ್ನೂ ಈಗ ಬಳಸಲಿಲ್ಲ.

"ಉಳೀತಿರ್ಲಿಲ್ಲ ಅಂತ ಅನಸ್ತೈತಿ. ಖಾತ್ರಿ ಇಲ್ಲ. ಖಾತ್ರಿ ಆಗೂ ಮಟ ನಾವು ಇಟ್ಕೊಳ್ಳಲಿಲ್ಲ."

ಬೂದೆಪ್ಪನ ಮುಷ್ಟಿ ಬಿಗಿಯಿತು. ಆ ಮುಷ್ಟಿಯಿಂದ ಕಂಬಕ್ಕೆ ಒಂದು ಗುದ್ದಿದ. ಹೊಡೆತ ತನಗೇ ಬಿದ್ದಿದ್ದರೆ ಚೆನ್ನಾಗಿತ್ತು ಎಂದು ನಿರೀಕ್ಷಾಳಿಗೆ ಅನ್ನಿಸಿತು. ಅಷ್ಟರಲ್ಲೇ ತಾನು ಹಾಗೆ ಅಂದುಕೊಂಡದ್ದು ಎಷ್ಟು ಅಗ್ಗದ್ದು ಎಂದೂ ಅನ್ನಿಸಿತು.

"ಬರ್ದ ಕೊಡ್ರಿ" ಎಂದ.

ಗಾಡಿಯ ಸೀಟಿನ ಮೇಲೆ ಪುಸ್ತಕವಿಟ್ಟು ಅವಳು ಕನ್ನಡದಲ್ಲಿ ಬರೆದಳು. ಶಾಲೆಯಲ್ಲಿ ಕಲಿತ ಕನ್ನಡವಲ್ಲ, ಅಮ್ಮ ಬೇಸಿಗೆ ರಜೆಯಲ್ಲಿ ಹಿಡಿದು ಕೂರಿಸಿ ತಿದ್ದಿಸಿದ್ದು. ಒತ್ತಕ್ಷರ ಬಂದಲ್ಲೆಲ್ಲ ಪೆನ್ನು ನಿಧಾನವಾಗುತ್ತಿತ್ತು. 'ಈ ಮಗುವನ್ನು ಕರೆದುಕೊಂಡು ಹೋಗಲು ತಾಯಿ ಶಂಕ್ರಮ್ಮನಿಗೆ ಹೇಳಿದ್ದು ವೈದ್ಯಳಾದ ನಾನು. ಇರುತ್ತೇನೆಂದು ಆಕೆ ಎರಡು ಸಲ ಕೇಳಿಕೊಂಡಳು. ಆಕೆ ಓದಲಾರದ ಭಾಷೆಯ ಕಾಗದಕ್ಕೆ, ಅದರಲ್ಲಿದ್ದದ್ದನ್ನು ತಿಳಿಸದೆ, ಹೆಬ್ಬೆಟ್ಟು ಒತ್ತಿಸಿಕೊಂಡೆ.' ಅದರ ಕೆಳಗೆ ಅದನ್ನೇ ಇಂಗ್ಲಿಷಿನಲ್ಲಿ ಬರೆದು, ಸಹಿ, ತಾರೀಖು, ವೈದ್ಯಕೀಯ ನೋಂದಣಿ ಸಂಖ್ಯೆ ಹಾಕಿದಳು. ಗಟ್ಟಿಯಾಗಿ ಓದಿ ಹೇಳಿದಳು.

ಶಂಕ್ರಮ್ಮ ಕಾಗದ ಇಸಿದುಕೊಂಡಳು. "ಇದನ್ನ ಅವತ್ತ ಬರೀಬೇಕಿತ್ರಿ" ಎಂದಳು. ಅದರಲ್ಲಿ ಕೃತಜ್ಞತೆಯ ಎಳೆಯೂ ಇರಲಿಲ್ಲ. ನಂತರ ಗಂಡನ ಕಡೆ ತಿರುಗಿದಳು. "ಈಗ ನಂಬ್ತೀ? ಡಾಕ್ಟರು ಬರ್ದ ಮ್ಯಾಲ? ಒಂದ ತಿಂಗಳ ನಾ ಬಾಯಿ ಬಡ್ಕೊಂಡು ಹೇಳಿದ್ದ ನಾಯಿ ಬೊಗಳಿದಂಗ ಕೇಳ್ತಿತ್ತೇನ ನಿನಗ?"

"ಹಂಗಲ್ಲಬೇ..."

"ಮತ್ತ ಹೆಂಗ? ತವರಿಗಿ ಬಿಡ್ತೀನಂದೆಲ್ಲ, ಬಿಡು ಈಗ. ನಾನ ಹೋಗ್ತೀನಿ, ಬರೂದು ನನ್ನ ಮರ್ಜಿ."

ಬೂದೆಪ್ಪ ಕಂಬದ ಕಡೆಗೆ ಮುಖ ತಿರುಗಿಸಿದ. ನಿರೀಕ್ಷಾಳ ಫೋನು ಬಡಿದುಕೊಳ್ಳತೊಡಗಿತು. ಶ್ರೀಲಕ್ಷ್ಮಿ ಮೇಡಂ.

"ಹತ್ತಾಯ್ತಮ್ಮಾ, ಹೊರಟೆಯಾ? ಮ್ಯಾನೇಜ್‌ಮೆಂಟಿನವರಿಗೆ ನಿನ್ನ ಬಗ್ಗೆ ಎಷ್ಟು ಹೇಳಿಟ್ಟಿದ್ದೀನಿ ಗೊತ್ತಾ!"

"ನಾನು ಬರ್ತಿಲ್ಲ ಮೇಡಂ." ನಾಲ್ಕನೇ ಮಂಚದ ಮಗುವಿನ ವಿಷಯ, ತಾನು ಬರೆದುಕೊಟ್ಟ ಕಾಗದ, ಎಲ್ಲವನ್ನೂ ಹೇಳಿಬಿಟ್ಟಳು.

ಮೇಡಂ ಕಿರುಚಲಿಲ್ಲ, ಅದೇ ಅವಳಿಗೆ ಹೆಚ್ಚು ಭಯ ತಂದಿತು. "ಆ ಐದು ಯಂತ್ರ ಆರಾಗಲಿ ಅಂತ ಇಪ್ಪತ್ತು ವರ್ಷ ಅರ್ಜಿ ಬರೆದವಳು ನಾನು. ಸಾವು ಜಾಸ್ತಿಯಾದ ವಾರ್ಡಿಗೆ ಯಂತ್ರ ಕೊಡಲ್ಲಮ್ಮಾ, ನೋಟಿಸು ಕೊಡ್ತಾರೆ. ನಿನಗೆ ಏನು ಗೊತ್ತು?"

"ಸಾವೇ ಕಾಣದಿದ್ದರೆ ಯಂತ್ರ ಯಾಕೆ ಕೊಡ್ತಾರೆ ಮೇಡಂ?"

"ದೊಡ್ಡ ಮಾತು! ಆ ಕಾಗದಗಳ ಮೇಲೆಲ್ಲ ಸಹಿ ನಿನ್ನದು. ಒಂದರಲ್ಲೂ ನನ್ನದಿಲ್ಲ, ನೆನಪಿರಲಿ."

"ನೆನಪಿದೆ. ಅದಕ್ಕೇ ಎಷ್ಟು ಅಂತ ತಿಳಿದುಕೊಳ್ಳಬೇಕು. ಸಂಜೆಯೊಳಗೆ ನಾಂಪಲ್ಲಿಯಲ್ಲಿ ಅರ್ಜಿ ಕೊಡ್ತೀನಿ."

"ಆ ಕೆಲಸವಾ?" ಮೇಡಂ ನಕ್ಕರು. "ನಾನೊಂದು ಫೋನ್ ಮಾಡಿದರೆ ಅದೂ ಸಿಗಲ್ಲ."

"ಮಾಡಿ ಮೇಡಂ. ಯಾಕೆ ಕೊಡಬಾರದು ಅಂತ ಕೇಳಿದರೆ, ದಯವಿಟ್ಟು ಕಾರಣ ಪೂರ್ತಿ ಹೇಳಿ."

ಅವಳು ಫೋನು ಇಟ್ಟಳು. ಅಪ್ಪ ಬಾಲ್ಕನಿಯಿಂದ ಬಗ್ಗಿ ನೋಡುತ್ತಿದ್ದರು. ಕೆಲಸ ಸಿಗದೆಯೂ ಹೋಗಬಹುದು, ಇದ್ದ ನೋಂದಣಿಯ ಮೇಲೇ ವಿಚಾರಣೆ ಬರಬಹುದು. ಇದೆಲ್ಲ ಅವಳಿಗೆ ಗೊತ್ತಿತ್ತು. ಇಷ್ಟು ಗೊತ್ತಿದ್ದೂ ಎಂಟು ದಿನದ ಆ 'ಬೇಡ'ವನ್ನು ಹೇಳಿ ಮುಗಿಸಿದ್ದಳು, ಈಗ ಉಳಿದದ್ದು ಸಿಟ್ಟೊಂದೇ.

ಗಂಡಹೆಂಡತಿ ಗೇಟಿನ ಕಡೆ ಹೊರಟಿದ್ದರು, ಒಬ್ಬರಿಂದೊಬ್ಬರು ನಾಲ್ಕು ಮಾರು ದೂರದಲ್ಲಿ.

"ಶಂಕ್ರಮ್ಮ, ನಿಂದ್ರು. ಉಸಿರು ಹೋದದ್ದು ಎಲ್ಲಿ? ಎಷ್ಟೊತ್ತಿಗೆ?"

ಅವಳು ಸರ್ರನೆ ತಿರುಗಿದಳು. "ಯಾಕ? ಅದನ್ನೂ ಯಾವ್ದರ ಕಾಗದಕ್ಕ ಹಾಕ್ತೀರೇನು?"

"ಹಾಕ್ತೀನಿ. ಎಲ್ಲೂ ಬರ್ದಿಲ್ಲ ಅದು. ನಾಂಪಲ್ಲಿ ಆಫೀಸಿಗಿ ಕೊಡ್ತೀನಿ, ನನಗ ಕೆಲಸ ಕೊಟ್ರೂ ಕೊಡದಿದ್ರೂ."

ಶಂಕ್ರಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಮಾಲು ಕೊಳ್ಳಲೋ ಬೇಡವೋ ಎನ್ನುವವರ ಹಾಗೆ. ಕೊನೆಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. ನಿರೀಕ್ಷಾ ಹೊಸ ಹಾಳೆ ತಿರುವಿ ಕೆಳಗಿನ ಮೆಟ್ಟಿಲಲ್ಲಿ ಕುಳಿತಳು.

"ಬಸ್ಸಿನ್ಯಾಗ" ಎಂದು ಆಚೆಯಿಂದ ಬೂದೆಪ್ಪ ಹೇಳಿದ.

"ಸುಮ್ನಿರು, ನೀ ಇದ್ದೀ ಏನ್ ಅಲ್ಲಿ?" ಶಂಕ್ರಮ್ಮ ಗದರಿದಳು. "ಬಸ್ಸಿನ್ಯಾಗ ಅಲ್ರಿ. ಪರಿಗಿ ಊರು ದಾಟಿ ಒಂದ್ ಮೈಲಿ ಹೋಗಿದ್ವಿ, ಕೂಸಿಗಿ ಏನಾರ ಆದ್ರ ಅಂತ ಹೇಳಿ ಕಂಡಕ್ಟರ್ ಇಳಿಸಿಬಿಟ್ಟ. ಇಳದ ಮ್ಯಾಲ ಇನ್ನೂ ಭಾಳೊತ್ತು ಇತ್ರಿ ಉಸ್ರು. ಸರೀ ಬರ್ಕೋರಿ. ಭಾಳೊತ್ತು ಇತ್ತು."