ಗುಡುಗಣ್ಣನ ಮೂವತ್ತೆರಡನೇ ಬೆಟ್ಟ

ಆ ಭಾನುವಾರ ಗುಡುಗಣ್ಣ ಎಷ್ಟು ಜೋರಾಗಿ ಓಡಿದನೆಂದರೆ, ಪಂದ್ಯ ಶುರು ಮಾಡಲು ಹಾರಿಸಿದ ಪಿಸ್ತೂಲಿನ ಸದ್ದು ಅವನ ಕಿವಿಗೆ ಬಿದ್ದದ್ದು ಅವನು ಬೆಟ್ಟದ ಬುಡ ಮುಟ್ಟಿದ ಮೇಲೆ. ಅದೂ ಅಲ್ಲಿ ಷೂ ದಾರ ಬಿಗಿಯಲು ಒಂದು ಗಳಿಗೆ ಬಗ್ಗಿದ್ದಕ್ಕೆ. ಇಲ್ಲದಿದ್ದರೆ ಆ ಸದ್ದು, ಪಾಪ, ಇವತ್ತಿಗೂ ಅವನನ್ನು ಹುಡುಕಿಕೊಂಡು ಬೀದಿ ಬೀದಿ ಅಲೆಯುತ್ತಿರುತ್ತಿತ್ತು.

ಸೋಮವಾರ ಬೆಳಿಗ್ಗೆ ತನ್ನ ರಿಪೇರಿ ಕೋಣೆಯಲ್ಲಿ ನಿಂತು ಹೀಗೆಂದು ಅವನೇ ಬೇಕರಿಯವನಿಗೆ ಹೇಳಿದ. ಬೇಕರಿಯವನು ಹಿಮದ ಮೇಲೆ ಜಾರುವ ತನ್ನ ಸ್ಕೀ ಹಲಗೆ ಒಯ್ಯಲು ಬಂದವನು, ಇನ್ನೂ ಸಿದ್ಧವಾಗಿಲ್ಲವೆಂದು ಸ್ಟೂಲಿನ ಮೇಲೆ ಕೂತಿದ್ದ. ಗುಡುಗಣ್ಣನ ಬಾಯಿಯಂತೆ ಕೈಯೂ ಸುಮ್ಮನಿರಲಿಲ್ಲ. ಸ್ಕೀಯನ್ನು ಬೆಂಚಿಗೆ ಅಂಗಾತ ಬಿಗಿದು, ಬಿಸಿ ಇಸ್ತ್ರಿಪೆಟ್ಟಿಗೆಗೆ ಮೇಣದ ಗಟ್ಟಿ ಒತ್ತಿ, ತೊಟ್ಟಿಕ್ಕಿದ ಹನಿಗಳನ್ನು ಅದೇ ಇಸ್ತ್ರಿಯಿಂದ ಮೂತಿಯಿಂದ ಬಾಲದವರೆಗೆ ನೇವರಿಸುತ್ತಿದ್ದ. ನಲವತ್ತು ವರ್ಷದಿಂದ ಇದೇ ಕೆಲಸ. ಅವನು ಮೇಣ ಹಚ್ಚಿದ ಸ್ಕೀಯನ್ನು ಗೋಡೆಗೆ ಒರಗಿಸಿಟ್ಟರೆ ಅದು ಗೋಡೆಯನ್ನೂ ಕರೆದುಕೊಂಡು ಜಾರುತ್ತದೆ ಎಂಬುದು ಅವನ ಜಾಹೀರಾತು.

ಹರೆಯದಲ್ಲಿ ಅವನು ತನಗೆ ತಾನೇ ಇಟ್ಟುಕೊಂಡಿದ್ದ ಹೆಸರು ಮಿಂಚು. ಊರಿನವರು ಒಂದೇ ವರ್ಷದಲ್ಲಿ ಅದನ್ನು ಗುಡುಗು ಎಂದು ತಿದ್ದಿದರು. ಬರುವುದು ತಡ, ಬಂದಾಗ ಸದ್ದು ಜಾಸ್ತಿ. ಅರವತ್ತು ದಾಟಿದ ಮೇಲೆ ಮರ್ಯಾದೆಗೆಂದು ಒಂದು 'ಅಣ್ಣ' ಅಂಟಿಕೊಂಡಿತು.

"ಅದೆಲ್ಲ ಸರಿ ಗುಡುಗಣ್ಣ," ಬೇಕರಿಯವನು ಉಗುರು ನೋಡಿಕೊಳ್ಳುತ್ತ ಹೇಳಿದ, "ಕ್ಲಬ್ಬಿನ ಬಾಗಿಲಿಗೆ ಪಟ್ಟಿ ಹಾಕಿದ್ದಾರೆ. ನೋಡಿದ್ಯಾ?"

"ನಾನ್ಯಾಕೆ ನೋಡ್ಲಿ? ಸೂರ್ಯ ದಿನಾ ಬೆಳಿಗ್ಗೆ ಎದ್ದು ಪಟ್ಟೀಲಿ ತನ್ನ ಹೆಸರಿದ್ಯಾ ಅಂತ ನೋಡ್ತಾನಾ?"

"ನಿನ್ನ ನಂಬರ್ ಮುಂದೆ 'ಮುಗಿಸಿಲ್ಲ' ಅಂತ ಬರ್ದಿದೆ."

ಇಸ್ತ್ರಿಪೆಟ್ಟಿಗೆ ನಿಂತಲ್ಲೇ ನಿಂತಿತು. ಆ ಕೋಪದ ಕಾವಿಗೆ ಕಿಟಕಿಯ ಹಿಮವೆಲ್ಲ ಕರಗಿ ಬೀದಿಯಲ್ಲಿ ಹೊಳೆಯಾಗಿ ಹರಿಯಿತೆಂದು ಗುಡುಗಣ್ಣ ಆಮೇಲೆ ಹೇಳಿದ್ದುಂಟು. ಬೇಕರಿಯವನಿಗೆ ಕಂಡದ್ದು ತನ್ನ ಸ್ಕೀಯ ಹೊಟ್ಟೆಯಿಂದ ಎದ್ದ ಕಪ್ಪು ಹೊಗೆ ಮಾತ್ರ.

"ಅಯ್ಯೋ, ನನ್ನ ಸ್ಕೀ ಸುಡ್ತಾ ಇದೆ ಮಾರಾಯ."

"ಸುಡ್ಲಿ. ಇವತ್ತು ಇಡೀ ಕ್ಲಬ್ಬೇ ಸುಡುತ್ತೆ."

ಆ ಒಂದೇ ಪದಕ್ಕೆ ಅವನು ಅಷ್ಟು ಉರಿದದ್ದಕ್ಕೆ ಕಾರಣವಿತ್ತು. ಊರಿನ ಪಂದ್ಯದ ಹೆಸರು ಓಡು-ಹತ್ತು-ಜಾರು. ಚೌಕದಿಂದ ಬೆಟ್ಟದ ಬುಡದವರೆಗೆ ಓಟ; ಅಲ್ಲಿಂದ ಸ್ಕೀಯನ್ನು ಬೆನ್ನಿಗೆ ಕಟ್ಟಿಕೊಂಡು ತುದಿಯವರೆಗೆ ನಡಿಗೆ; ತುದಿಯಿಂದ ಸ್ಕೀ ತೊಟ್ಟು ಇನ್ನೊಂದು ಮಗ್ಗುಲಿಗೆ ಜಾರಿ ಇಳಿಯುವುದು. ತುದಿಯಲ್ಲೊಂದು ಹಲಗೆಯ ಗುಡಿಸಲು, ಅದರೊಳಗೆ ತಗಡಿನ ಡಬ್ಬಿ, ಡಬ್ಬಿಯಲ್ಲಿ ಪುಸ್ತಕ, ಪುಸ್ತಕಕ್ಕೆ ದಾರದಿಂದ ಕಟ್ಟಿದ ಪೆನ್ಸಿಲ್ಲು. ಹತ್ತಿದವನು ತನ್ನ ನಂಬರನ್ನೂ ಗಳಿಗೆಯನ್ನೂ ತನ್ನ ಕೈಯಾರೆ ಬರೆಯಬೇಕು. ಕಾವಲಿಗೆ ಯಾರೂ ಇರುವುದಿಲ್ಲ. ಬೆಟ್ಟಕ್ಕೆ ಹೋಗುವವರು ಸುಳ್ಳು ಬರೆಯುವುದಿಲ್ಲವೆಂಬುದು ಕ್ಲಬ್ಬಿನ ಹಳೆಯ ನಂಬಿಕೆ, ಅದು ಇಲ್ಲಿಯವರೆಗೆ ಹುಸಿಯಾಗಿರಲಿಲ್ಲ. ಅರವತ್ತು ದಾಟಿದವರಿಗೆ ಇನ್ನೊಂದು ಕಟ್ಟುಪಾಡು: ಒಂದು ಸಲ ಮುಗಿಸದಿದ್ದರೂ ಸಾಕು, ಮುಂದಿನ ವರ್ಷದಿಂದ ಅವರ ಹೆಸರು ಓಟಗಾರರ ಪಟ್ಟಿಯಿಂದ ಸಹಾಯಕರ ಪಟ್ಟಿಗೆ. ಕೇಸರಿ ಅಂಗಿ ತೊಟ್ಟು ದಾರಿ ಬದಿಯಲ್ಲಿ ನಿಂತು ಓಡುವವರಿಗೆ ನೀರಿನ ಲೋಟ ಚಾಚಬೇಕು.

ಗುಡುಗಣ್ಣ ಮೂವತ್ತೊಂದು ಸಲ ಮುಗಿಸಿದ್ದ. ಇದೊಂದು ಸಂಗತಿಯಲ್ಲಿ ಅವನು ಎಂದೂ ಒಂದನ್ನೂ ಸೇರಿಸಿ ಹೇಳಿರಲಿಲ್ಲ. ನಸುಕಿನಲ್ಲಿ ಓಡುವುದು, ಬೇಸಿಗೆಯಲ್ಲಿ ಬುತ್ತಿ ಕಟ್ಟಿಕೊಂಡು ತಂಗಿಯ ಜೊತೆ ಬೆಟ್ಟದ ಕಾಲುದಾರಿಗಳಲ್ಲಿ ನಡೆಯುವುದು, ಮೊದಲ ಹಿಮ ಬಿದ್ದ ದಿನ ಕೆಲಸ ಬಿಟ್ಟು ಸ್ಕೀ ಹೊತ್ತು ಓಡುವುದು: ವರ್ಷವೆಂದರೆ ಅವನಿಗೆ ಇವು ಮೂರೇ. ಜಾರುವಾಗ ಮಾತ್ರ ಅವನ ಬಾಯಿ ಮುಚ್ಚಿರುತ್ತಿತ್ತೆಂದು ಊರಿನವರು ಹೇಳುತ್ತಿದ್ದರು. ಇಂಥವನ ಕೈಗೆ ನೀರಿನ ಲೋಟ.

ಅವನು ಏಪ್ರನ್ನೂ ಬಿಚ್ಚದೆ ನೇರ ಅಂಚೆ ಕಚೇರಿಯ ಹಿಂಬಾಗಿಲಿಗೆ ಹೋದ. ಅಲ್ಲಿ ಅವನ ತಂಗಿ ಪಾರ್ಸೆಲ್ ವಿಂಗಡಿಸುತ್ತಿದ್ದಳು. ಐದು ವರ್ಷಕ್ಕೆ ಕಿರಿಯಳು, ನಿನ್ನೆಯ ಪಂದ್ಯದಲ್ಲಿ ಅವಳೂ ಓಡಿದ್ದಳು. ಮೇಜಿನ ಮೇಲಿನ ಕಟ್ಟುಗಳನ್ನು ವಿಳಾಸ ನೋಡಿ, ಸುತ್ತ ನಿಲ್ಲಿಸಿದ ಚಕ್ರದ ಬುಟ್ಟಿಗಳಿಗೆ ಎಸೆಯುತ್ತಿದ್ದಳು.

"ನೋಡಿದ್ಯೇನೇ ಅವರ ಸೊಕ್ಕು? ನನ್ನನ್ನ ಮುಗಿಸಿಲ್ಲ ಅಂತಾರೆ. ನನ್ನನ್ನ. ಆ ಬೆಟ್ಟಕ್ಕೆ ನನ್ನ ಪಾದ ತಾಗಿ ತಾಗಿ ಒಂದು ಗೇಣು ತಗ್ಗಾಗಿದೆ."

"ಕೇಳಿದೆ," ಎಂದಳು ತಂಗಿ. ಒಂದು ಕಟ್ಟು ಬುಟ್ಟಿಗೆ ಬಿತ್ತು.

"ಸಂಜೆ ಐದಕ್ಕೆ ಕ್ಲಬ್ಬಲ್ಲಿ ತಕರಾರು ಕೇಳ್ತಾರಂತೆ. ನೀನೂ ಬರ್ಬೇಕು. ನೀನೇ ನನ್ನ ಸಾಕ್ಷಿ."

"ನಾನಾ?"

"ಮತ್ಯಾರು? ನನ್ನ ಹಿಂದೇನೇ ತಾನೆ ನೀನು ಹತ್ತಿದ್ದು? ಹುಟ್ಟಿದಾಗಿಂದ ನನ್ನ ಹಿಂದೇನೇ."

ಮುಂದಿನ ಪಾರ್ಸೆಲ್ ಬುಟ್ಟಿಗೆ ಬಿದ್ದ ರಭಸಕ್ಕೆ ಬುಟ್ಟಿ ತನ್ನ ಚಕ್ರದ ಮೇಲೆ ಗೋಡೆಯವರೆಗೆ ಹೋಗಿ ಬಡಿಯಿತು. ಅದರ ಮೇಲೆ 'ನಾಜೂಕು, ಜೋಪಾನ' ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ತಂಗಿಯ ಕೆನ್ನೆ ಅದಕ್ಕಿಂತ ಕೆಂಪಾಗಿತ್ತು.

"ಬರ್ತೀನಿ. ಖಂಡಿತ ಬರ್ತೀನಿ," ಎಂದಳು.

ಗುಡುಗಣ್ಣನ ಎದೆ ಉಬ್ಬಿತು. ಒಡಹುಟ್ಟಿದವಳೆಂದರೆ ಹೀಗಿರಬೇಕು, ಅಣ್ಣನಿಗಾದ ಅನ್ಯಾಯಕ್ಕೆ ಅವಳ ರಕ್ತವೂ ಕುದಿಯುತ್ತಿದೆ ಎಂದುಕೊಂಡು ಹೊರಟ. ತುದಿಯ ಪುಸ್ತಕದಲ್ಲಿ ತನ್ನ ನಂಬರ್ ಯಾಕಿಲ್ಲವೆಂದು ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಕತೆ ಹೇಳಿದ. ಔಷಧಿ ಅಂಗಡಿಯ ಮುಂದೆ ಹೇಳಿದಾಗ ಪೆನ್ಸಿಲ್ಲಿನ ಮೊನೆ ಮುರಿದಿತ್ತು. ಬಸ್ ನಿಲ್ದಾಣದ ಹತ್ತಿರ ಪೆನ್ಸಿಲ್ಲೇ ಇರಲಿಲ್ಲ, ಕಾಗೆ ಎತ್ತಿಕೊಂಡು ಹೋಗಿತ್ತು. ಕ್ಲಬ್ಬಿನ ತಿರುವಿಗೆ ಬರುವಷ್ಟರಲ್ಲಿ ಬಿರುಗಾಳಿ ಎದ್ದು, ಅವನು ಬರೆದ ಹಾಳೆಯನ್ನು ಕಿತ್ತುಕೊಂಡು ಇನ್ನೊಂದು ದೇಶಕ್ಕೆ ಹೋಗಿತ್ತು.

ಸಂಜೆ ಐದಕ್ಕೆ ಕ್ಲಬ್ಬಿನ ಕೋಣೆ ತುಂಬ ಓಟಗಾರರು, ಒದ್ದೆ ಉಣ್ಣೆಯ ವಾಸನೆ; ತಂಗಿ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಮೇಜಿನ ಆಚೆ ಗಡಿಯಾರದಮ್ಮ ಕೂತಿದ್ದರು. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು, ಪಂದ್ಯದ ಹೊತ್ತು ಹಿಡಿಯುವವರು, ಕೊರಳಲ್ಲಿ ಯಾವಾಗಲೂ ಎರಡು ಸ್ಟಾಪ್‌ವಾಚ್. ಅವರ ಮುಂದೆ ತುದಿಯಿಂದ ತಂದ ಪುಸ್ತಕ ತೆರೆದಿತ್ತು. ಬೇಕರಿಯವನು ಸುಟ್ಟ ಸ್ಕೀ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಅವನದೂ ಒಂದು ತಕರಾರಿತ್ತು, ಆದರೆ ಇದು ಮುಗಿಯುವವರೆಗೆ ಕಾಯಲು ತಯಾರಿದ್ದ.

"ಹೇಳಿ," ಎಂದರು ಗಡಿಯಾರದಮ್ಮ.

ಗುಡುಗಣ್ಣ ಹೇಳಿದ. ಮೇಜು ಗುದ್ದಿದ, ಗುದ್ದಿದಾಗ ಸ್ಟಾಪ್‌ವಾಚ್‌ಗಳು ಕುಣಿದವು. ಮೂವತ್ತೊಂದು ವರ್ಷ ನಿಯತ್ತಾಗಿ ಹತ್ತಿದವನನ್ನು ಕಳ್ಳನ ಹಾಗೆ ನಿಲ್ಲಿಸುತ್ತೀರಲ್ಲ, ನಿಮ್ಮಲ್ಲಿ ಅರ್ಧ ಜನರ ಸ್ಕೀ ಮುಂದಕ್ಕೆ ಹೋಗುವುದೇ ನನ್ನ ಮೇಣದಿಂದ, ನಾಳೆಯಿಂದ ಅಂಟು ಹಚ್ಚಿಕೊಡುತ್ತೇನೆ, ಆಗ ಗೊತ್ತಾಗುತ್ತದೆ ಎಂದ. ಗಾಳಿಯ ಕತೆಯಲ್ಲಿ ಗಾಳಿ ಗುಡಿಸಲಿನ ಬಾಗಿಲನ್ನೂ ಕಿತ್ತಿತು.

"ಪುಸ್ತಕದಲ್ಲಿ ಯಾವ ಹಾಳೆಯೂ ಹರಿದಿಲ್ಲ," ಎಂದರು ಗಡಿಯಾರದಮ್ಮ, ಪುಟದ ಅಂಕಿಗಳ ಮೇಲೆ ಬೆರಳಾಡಿಸುತ್ತ.

"ಹಾಗಾದ್ರೆ ಪೆನ್ಸಿಲ್ ಮೂಡಿಲ್ಲ. ನನ್ನ ಮಾತು ನಂಬಬೇಡಿ. ನನ್ನ ತಂಗೀನ ಕೇಳಿ. ಅವಳಿಗೆ ಸುಳ್ಳು ಹೇಳೋಕೆ ಬರಲ್ಲ, ಚಿಕ್ಕಂದಿನಲ್ಲಿ ನಾನೆಷ್ಟು ಕಲಿಸಿದ್ರೂ ಬರ್ಲಿಲ್ಲ."

ಎಲ್ಲರೂ ನಕ್ಕರು. ತಂಗಿ ನಗಲಿಲ್ಲ. ಎದ್ದು ನಿಂತು, ಅಣ್ಣನನ್ನು ನೋಡದೆ, ಪುಸ್ತಕವನ್ನು ನೋಡುತ್ತ ಮಾತಾಡಿದಳು.

"ನಾನು ತುದಿಗೆ ಹೋದಾಗ ಪುಸ್ತಕದಲ್ಲಿ ಅಣ್ಣನ ನಂಬರ್ ಇರ್ಲಿಲ್ಲ. ಬುಡದಲ್ಲಿ ಅವನು ನನಗಿಂತ ಮುಂದಿದ್ದ. ದಾರೀಲಿ ನಾನು ಅವನನ್ನ ದಾಟಿಲ್ಲ. ಅಂದ್ಮೇಲೆ ಬಿದ್ದಿದ್ದಾನೆ ಅಂದ್ಕೊಂಡೆ."

ಗಡಿಯಾರದಮ್ಮ ಪುಟದ ಮೇಲಿನ ಬೆರಳು ತೆಗೆದರು.

"ಹನ್ನೊಂದು ನಿಮಿಷ ನಿಂತೆ. ಆ ಗಾಳೀಲಿ. ಬಂದೋರನ್ನೆಲ್ಲ ಕೇಳ್ದೆ, ನಮ್ಮಣ್ಣನ್ನ ನೋಡಿದ್ರಾ, ನಮ್ಮಣ್ಣನ್ನ ನೋಡಿದ್ರಾ ಅಂತ. ಆಮೇಲೆ ಇಳಿದೆ. ಜಾರ್ಲಿಲ್ಲ, ಇಳಿದೆ. ಒಂದೊಂದು ಕೊರಕಲಲ್ಲೂ ಇಣುಕಿ ಕೂಗ್ತಾ ಇಳಿದೆ." ಅವಳ ಧ್ವನಿ ಏರಲಿಲ್ಲ, ಅದು ಗುಡುಗಣ್ಣನಿಗೆ ಇನ್ನೂ ಕೆಟ್ಟದಾಗಿ ಕೇಳಿತು. "ಕೆಳಗೆ ಬಂದ್ರೆ ಇವನು ಕಂಬಳಿ ಹೊದ್ಕೊಂಡು ಚಹಾ ಕುಡೀತಾ ಕೂತಿದ್ದ. ನನ್ನನ್ನ ನೋಡಿ ಏನಂದ ಗೊತ್ತಾ? ಯಾಕೆ ಬಸವನಹುಳೂ, ದಾರೀಲಿ ಸಂಸಾರ ಹೂಡಿದ್ಯಾ ಅಂದ."

"ನಿಮ್ಮ ವಯಸ್ಸಿನವರಲ್ಲಿ ನೀವು ನಾಲ್ಕನೆಯವರು," ಎಂದರು ಗಡಿಯಾರದಮ್ಮ, ಮೆಲ್ಲಗೆ. "ಮೂರನೆಯವರಿಗೂ ನಿಮಗೂ ಏಳು ನಿಮಿಷ."

"ಗೊತ್ತು. ನನಗೆ ಎಣಿಸೋಕೆ ಬರುತ್ತೆ." ಅವಳು ಈಗ ಅಣ್ಣನ ಕಡೆ ತಿರುಗಿದಳು. "ಅದು ಹೋಗ್ಲಿ. ನಿನ್ನೆ ಎಲ್ಲರ ಮುಂದೆ ಬಾಯಿ ಬಿಡಬಾರ್ದು ಅಂತ ಸುಮ್ನಿದ್ದೆ. ಮನೆಗೆ ಬಂದು ನೀನೇ ಹೇಳ್ತೀಯ ಅಂತ ಕಾದೆ. ನೀನು ಬಂದಿದ್ದು ನನ್ನನ್ನ ಸಾಕ್ಷಿಗೆ ಕರಿಯೋಕೆ. ಹಿಮದಲ್ಲಿ ನಿನ್ನ ಹೆಣ ಹುಡುಕ್ದವಳನ್ನ."

ಗುಡುಗಣ್ಣನ ತಲೆಯಲ್ಲಿ ಎಂಟು ಕತೆಗಳು ಏಕಕಾಲಕ್ಕೆ ಎದ್ದು ನಿಂತವು. ಅವುಗಳಲ್ಲಿ ಒಂದರಲ್ಲಿ ಕರಡಿಯಿತ್ತು. ಅವನು ಬಾಯಿ ತೆರೆದ.

"ಅದು ಹೇಗಾಯ್ತು ಅಂದ್ರೆ, ಮಂಜು ಎಷ್ಟು ದಟ್ಟವಾಗಿತ್ತಂದ್ರೆ, ನನ್ನ ಕೈಯೇ ನನಗೆ—"

"ಅಣ್ಣ."

ಅವನು ನಿಲ್ಲಿಸಿದ. ಹಿಂದೆ ಯಾರೋ ಕುರ್ಚಿ ಎಳೆದುಕೊಟ್ಟರು, ಅವನು ಕೂರಲಿಲ್ಲ.

"ಹೋಗಿಲ್ಲ," ಎಂದ. "ತುದಿಗೆ ಹೋಗಿಲ್ಲ."

"ಬೆಳಿಗ್ಗೆಯಿಂದ ಕೂಗಾಡಿದ್ದು?" ಎಂದ ಬಾಗಿಲಲ್ಲಿದ್ದ ಬೇಕರಿಯವನು. "ನನ್ನ ಸ್ಕೀ ಸುಟ್ಟಿದ್ದು?"

"ಅದು ನಿಜವಾದ ಕೋಪಾನೇ. ಯಾರ ಮೇಲೆ ಅಂತ ಮಾತ್ರ ಸುಳ್ಳು." ಏಪ್ರನ್ನಿಗೆ ಅಂಟಿದ್ದ ಮೇಣವನ್ನು ಅವನು ಉಗುರಿನಿಂದ ಕೆರೆದ. "ಕೂತಿದ್ದೆ. ಕಾಲು ನಡುಗ್ತಾ ಇತ್ತು, ಬಂಡೆ ಹಿಂದೆ ಕೂತ್ಕೊಂಡೆ. ಒಬ್ಬಳು ಹುಡುಗಿ ಬಂದ್ಲು, ಕೊಡಿ ತಾತ, ನಿಮ್ಮ ಸ್ಕೀ ನಾನು ಹೊತ್ಕೊಳ್ತೀನಿ ಅಂದ್ಲು. ಮರ್ಯಾದೆಯಿಂದಾನೇ ಕೇಳಿದ್ಲು. ನನಗೆ ಎಷ್ಟು ಕೋಪ ಬಂತಂದ್ರೆ..."

ಅವನು ಹೋಲಿಕೆ ಹುಡುಕಿದ. ಜ್ವಾಲಾಮುಖಿ, ಸಿಡಿಲು, ಪ್ರಳಯ, ಎಲ್ಲವೂ ಕೈಗೆಟಕುವಷ್ಟು ಹತ್ತಿರದಲ್ಲೇ ಇದ್ದವು. ಅವನು ಯಾವುದನ್ನೂ ಎತ್ತಿಕೊಳ್ಳಲಿಲ್ಲ.

"ತುಂಬಾ ಕೋಪ ಬಂತು. ಅವಳು ಮುಂದೆ ಹೋದ್ಲು. ಕಾಡಿನ ಒಳದಾರಿ ಇದೆಯಲ್ಲ, ಜಾರೋ ಇಳಿಜಾರಿಗೆ ಹೋಗಿ ಸೇರೋದು, ಅದರಲ್ಲಿ ಇಳಿದುಬಿಟ್ಟೆ. ನೀನು ಮೇಲೆ ನಿಂತಿರ್ತೀಯ ಅಂತ..." ತಂಗಿಯ ಕಡೆ ನೋಡಲು ಹೋಗಿ ಅವಳ ಷೂಗಳನ್ನು ನೋಡಿದ. "ಯೋಚ್ನೆ ಮಾಡ್ಲೇ ಇಲ್ಲ. ನಿನ್ನ ಯೋಚ್ನೇನೇ ಬರ್ಲಿಲ್ಲ."

ಗಡಿಯಾರದಮ್ಮ ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಅಡ್ಡಗೆರೆ ಎಳೆದು, ಇನ್ನೊಂದು ಹಾಳೆಯ ಕೊನೆಯಲ್ಲಿ ಬರೆದುಕೊಂಡರು. ಅದು ಸಹಾಯಕರ ಹಾಳೆಯೆಂದು ಯಾರಿಗೂ ಹೇಳಬೇಕಾಗಿರಲಿಲ್ಲ.

"ದಾಖಲೆಗೆ ಬೇಕು," ಎಂದರು ಅವರು ತಲೆಯೆತ್ತದೆ. "ತುದಿ ಇನ್ನೆಷ್ಟು ದೂರ ಇತ್ತು?"

"ಇನ್ನೇನು, ಒಂದು ಇನ್ನೂರು ಹೆಜ್ಜೆ. ಗುಡಿಸಲಿನ ಬಾಗಿಲು ಕಾಣ್ತಿತ್ತು."

ತಂಗಿ ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದಳು, ಒಂದೊಂದಾಗಿ, ಕೆಳಗಿನಿಂದ ಮೇಲಕ್ಕೆ.

"ಇಲ್ಲ," ಎಂದ ಗುಡುಗಣ್ಣ. "ಕಾಣ್ತಿರ್ಲಿಲ್ಲ. ಅರ್ಧ ಬೆಟ್ಟ ಬಾಕಿ ಇತ್ತು. ಅರ್ಧಕ್ಕಿಂತ ಜಾಸ್ತೀನೇ ಬಾಕಿ ಇತ್ತು."