ಬಂದೆ ಅಂದವಳು

"ಬಾಯಿ ಮುಚ್ಚೇ ಮುಂಡೇದೇ! ಹಾಲ್‌ನಲ್ಲಿ ಉಸಿರು ಬಿಡಬೇಡ ಅಂತ ಎಷ್ಟು ಸಲ ಬಡ್ಕೊಬೇಕೇ ನಿಂಗೆ?"

ಲೈಬ್ರೇರಿಯನ್ ಸಾಹೇಬರು ಕೂಗಿದ್ದು ಓದುವ ಹಾಲ್‌ನ ನಟ್ಟನಡುವೆ. ಓದುತ್ತ ಕೂತಿದ್ದವರು ತಲೆ ಎತ್ತಿ ನೋಡಿ, ನಮಗ್ಯಾಕೆ ಅನ್ನುವಂತೆ ಮತ್ತೆ ತಗ್ಗಿಸಿದರು. ಬಂದಕ್ಕ ನೆಲ ಒರೆಸುವ ಕೋಲನ್ನು ಎದೆಗಾನಿಸಿಕೊಂಡು ನಿಂತಳು. ಅವಳು ಮಾಡಿದ ತಪ್ಪು ಇಷ್ಟೇ. ಒದ್ದೆ ನೆಲದ ಮೇಲೆ ಕಾಲಿಡಲಿದ್ದ ಬಸುರಿ ಹೆಂಗಸಿಗೆ "ನೋಡ್ಕೊಂಡು ಬಾ ತಾಯಿ, ಜಾರುತ್ತೆ" ಅಂದಿದ್ದಳು.

ಅಷ್ಟಕ್ಕೇ ಕೌಂಟರಿನ ಮೇಲಿದ್ದ ಹೊಸ ಮಾತಾಡುವ ಮಷಿನ್ನು ಗಕ್ಕನೆ ನಿಂತಿತ್ತು. ಯಾರಿಗೋ ಪುಸ್ತಕದ ಜಾಗ ಹೇಳುತ್ತಿದ್ದದ್ದು ಅರ್ಧಕ್ಕೇ ಬಾಯಿ ಕಟ್ಟಿದ ಹಾಗಾಯಿತು. ಅದಕ್ಕೆ ಕೊಟ್ಟ ದನಿ ಬಂದಕ್ಕನದು. ತನ್ನದೇ ದನಿ ಕಿವಿಗೆ ಬಿದ್ದರೆ ಅದು, ತಾನೇ ಮಾತಾಡುತ್ತಿದ್ದೇನೆ ಅಂದುಕೊಂಡು ಸುಮ್ಮನಾಗುತ್ತದಂತೆ. ಜೋಡಿಸಲು ಬಂದಿದ್ದ ಮೆಕ್ಯಾನಿಕ್ಕು ಹಾಗೆ ಹೇಳಿದ್ದ. "ಸರಿಮಾಡೋಕೆ ಟೈಮ್ ಬೇಕು ಸಾರ್. ಅಲ್ಲೀತನಕ ಆಯಮ್ಮ ಸುಮ್ನಿದ್ರೆ ಸಾಕಲ್ಲ" ಅಂದು ಹೋಗಿದ್ದ.

"ಇನ್ನೊಂದ್ಸಲ ನಿನ್ನ ದನಿ ಇಲ್ಲಿ ಕೇಳಿಸ್ತೋ, ಕೈಲಿರೋ ಆ ಕೋಲೂ ಇರಲ್ಲ. ಗೇಟಿಂದಾಚೆ. ತಿಳೀತಾ?"

ಬಂದಕ್ಕ ತಲೆಯಾಡಿಸಿದಳು. ಹೂಂ ಅನ್ನುವ ಹಾಗೂ ಇರಲಿಲ್ಲ.

ಬಂದಕ್ಕ ಅನ್ನುವುದು ಅವಳ ಹೆತ್ತವರು ಇಟ್ಟ ಹೆಸರಲ್ಲ. ತಲೆ ನರೆಯುವ ತನಕ ಅದೇ ಕೌಂಟರಿನ ಹಿಂದೆ ನಿಂತು, ಬಂದವರಿಗೆ ಪುಸ್ತಕ ತಂದುಕೊಡುತ್ತಿದ್ದವಳು. ಏಣಿಯ ಮೇಲಿರಲಿ, ಕಪಾಟಿನ ಸಂದಿಯಲ್ಲಿರಲಿ, ಬಾಯಲ್ಲಿ ತುತ್ತಿರಲಿ, ಯಾರು ಕರೆದರೂ "ಇರಿ, ಬಂದೆ" ಅನ್ನುವಳು. ಬರುವುದಕ್ಕೆ ಮುಂಚೆಯೇ ಬಂದೆ ಅನ್ನುವುದು ನಮ್ಮ ಮಾತಿನ ರೂಢಿ. ಎಷ್ಟೋ ಜನ ಅಂದು ಬರುವುದಿಲ್ಲ. ಅವಳು ಅಂದರೆ ಬಂದಳೆಂದೇ ಲೆಕ್ಕ.

ಮಷಿನ್ನಿಗೆ ನಿನ್ನ ದನಿ ಕೊಡು ಅಂತ ಕೇಳಿದಾಗ ಅವಳಿಗೆ ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಹಳೇ ಪತ್ರಿಕೆ ತುಂಬಿದ ಕೋಣೆಯ ಗೋಡೆಗೆಲ್ಲ ಕಂಬಳಿ ಕಟ್ಟಿ, ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸಿ, ಅವಳನ್ನು ಕುರ್ಚಿಯ ಮೇಲೆ ಕೂರಿಸಿದರು. ಆ ಕಟ್ಟಡದಲ್ಲಿ ಯಾರಾದರೂ ಅವಳಿಗೆ ಕುರ್ಚಿ ಎಳೆದುಕೊಟ್ಟದ್ದು ಅದೇ ಮೊದಲು. ಮೆಕ್ಯಾನಿಕ್ಕು ಒಂದೊಂದು ಮಾತು ಹೇಳುವುದು, ಅವಳು ಬೆವರು ಒರೆಸಿಕೊಳ್ಳುತ್ತ ಅದನ್ನೇ ತಿರುಗಿ ಅನ್ನುವುದು. ನಡುವೆ ಅವನು ಬಾಗಿಲಾಚೆಯಿಂದ "ಅಮ್ಮಾ" ಅಂದಾಗ ಅಭ್ಯಾಸಬಲದಿಂದ "ಇರಿ, ಬಂದೆ" ಅಂದುಬಿಟ್ಟಳು. ಅವನು ಕುಣಿದಾಡಿದ. "ಇದು! ಇದೇ ಬೇಕಿತ್ತು ನೋಡಿ!"

ಈಗ ಮಷಿನ್ನು ಹುಡುಕುವಷ್ಟು ಹೊತ್ತು ಅದನ್ನೇ ಅನ್ನುತ್ತದೆ. ಆಮೇಲೆ ಕಪಾಟಿನ ನಂಬರು ಹೇಳುತ್ತದೆ. ಹೋಗಿ ತಕ್ಕೊಳ್ಳಬೇಕಾದವರು ಓದಲು ಬಂದವರೇ. ದನಿ ಕೊಟ್ಟು ಮುಗಿಸಿದ ಮೇಲೆ ಬಂದಕ್ಕನ ಕೈಗೆ ಕೋಲು ಬಂತು.

ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅವಳು ಬೈಂಡಿಂಗ್ ಕೋಣೆಗೆ ಹೋದಳು. ಅಲ್ಲಿ ಹರಿದ ಪುಸ್ತಕ ಹೊಲಿದು ಅಂಟಿಸುವ ಅಂಟಿನಣ್ಣ ಒಬ್ಬನೇ ಕೂತಿದ್ದ. ಅವನ ಬೆರಳ ಸಂದಿಯ ಅಂಟು ಯಾವ ಸೋಪಿಗೂ ಬಿಡುತ್ತಿರಲಿಲ್ಲ.

"ಬರದೇನೆ ಬಂದೆ ಬಂದೆ ಅನ್ನುತ್ತಲ್ಲಕ್ಕ ನಿನ್ನ ಮಷಿನ್ನು, ಥೇಟ್ ನಮ್ಮ ಸಾಹೇಬನ ಹಂಗೆ. ಪರ್ಮನೆಂಟ್ ಆಯ್ತು ಆಯ್ತು ಅಂತ ನಮ್ಮಿಬ್ರನ್ನೂ ಮುದುಕರು ಮಾಡ್ಲಿಲ್ವಾ ಅವನು?"

"ನಾನು ಬಂದೆ ಅಂದ್ರೆ ಬರ್ತಿದ್ದೆ ಕಣೋ."

"ನೀನು ಬರ್ತಿದ್ದೆ. ಅದಕ್ಕೆ ಕಾಲೆಲ್ಲಿ?" ಅಂಟಿನಣ್ಣ ನಕ್ಕ. ಆಮೇಲೆ ಅಂಟಿನ ಡಬ್ಬಿಯನ್ನು ನೋಡುತ್ತ, "ನಂದೂ ಮುಗೀತು ಬಿಡು. ಪುಸ್ತಕದ ಫೋಟೋ ಹೊಡ್ದು ಮಷಿನ್ನಿಗೆ ತಿನ್ಸಿ, ಹರಿದಿದ್ದನ್ನ ತೂಕಕ್ಕೆ ಹಾಕ್ತಾರಂತೆ. ಬೆರಳಿನ ಅಂಟು ಬಿಡೋ ಮುಂಚೆ ನನ್ನ ಬಿಡಿಸ್ತಾರೆ" ಅಂದ.

ಬಂದಕ್ಕ ಊಟ ಅರ್ಧಕ್ಕೇ ಬಿಟ್ಟು ಡಬ್ಬಿ ಮುಚ್ಚಿದಳು.

ಮನೆಯೆಂದರೆ ಒಂದೇ ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಮಂಚ. ಮಂಚದ ಮೇಲೆ ಅತ್ತೆ. ಗಾರೆ ಕೆಲಸದಲ್ಲಿ ಇಟ್ಟಿಗೆ ಹೊತ್ತು ಹೊತ್ತು ಸೊಂಟ ಕಳಕೊಂಡವಳು. ಮಗ ಸತ್ತ ಮೇಲೆ ಸೊಸೆಯ ದುಡಿಮೆಯಲ್ಲಿ ಇಬ್ಬರ ಹೊಟ್ಟೆ ನಡೆಯುತ್ತಿತ್ತು.

"ಏನೇ, ಬಾಯಿಗೆ ಬೀಗ ಜಡ್ಕೊಂಡು ಬಂದಿದೀಯಾ? ಆಗಿಂದ ಕರೀತಿದೀನಿ, ಬಂದೆ ಅನ್ನೋಕಾಗಲ್ವಾ?"

ದಿನವೆಲ್ಲ ಕಟ್ಟಿದ್ದ ಬಾಯಿ ಮನೆಯಲ್ಲೂ ತಟ್ಟನೆ ಬಿಚ್ಚುತ್ತಿರಲಿಲ್ಲ. ನೀರು ಕುಡಿದು, ಕೆಮ್ಮಿ, ಬಂದಕ್ಕ ಬೆಳಗಿನದನ್ನೆಲ್ಲ ಹೇಳಿದಳು.

"ಕೂಲಿಗೆ ಹೋದೋರು ಕೈ ಕೊಡ್ತೀವಿ, ಕಾಲು ಕೊಡ್ತೀವಿ. ಸೊಂಟ ನಾನು ಕೊಟ್ಟಾಯ್ತು. ದನಿ ಯಾಕೇ ಕೊಟ್ಟೆ?"

"ಕೇಳಿದ್ರು ಅತ್ತೆ."

"ಕೇಳಿದ್ರಂತೆ! ನಾಳೆ ನಾಲಿಗೆ ಕೇಳ್ತಾರೆ, ತಟ್ಟೇಲಿಟ್ಟು ಕೊಡು. ಹೋಗಿ ವಾಪಸ್ ಕೇಳು."

"ವಾಪಸ್ ಕೊಡೋಕೆ ಅದೇನು ಪಾತ್ರೆನಾ?"

"ಕೇಳಂತೂ ಕೇಳು. ಬೈದ್ರೆ ಬೈಸ್ಕೊ. ಬೈಸ್ಕೊಳ್ಳೋದೇನು ಹೊಸದಾ ನಮಗೆ?"

ಮಾರನೇ ಬೆಳಿಗ್ಗೆ ಅವಳು ಸಾಹೇಬರ ಕೋಣೆಯ ಹೊಸ್ತಿಲಲ್ಲಿ ನಿಂತಳು. ಅಲ್ಲಿ ಬಾಯಿಬಿಟ್ಟರೆ ಮಷಿನ್ನಿಗೆ ಕೇಳಿಸುತ್ತಿರಲಿಲ್ಲ.

"ಸಾರ್, ಅದಕ್ಕೆ ಬೇರೆ ಯಾರದಾದ್ರೂ ದನಿ ಹಾಕ್ಸಿ ಸಾರ್. ನಾನು ಕೋಲೇ ಹಿಡೀತೀನಿ. ಮಾತಾಡೋಕೆ ಬಿಡಿ ಅಷ್ಟೇ."

ಸಾಹೇಬರು ಕನ್ನಡಕ ಒರೆಸುತ್ತಿದ್ದರು. ಒರೆಸಿ ಮುಗಿಸುವ ತನಕ ಅವಳ ಕಡೆ ನೋಡಲಿಲ್ಲ.

"ದನಿ ನಿಂದಾ?"

"ನಂದೇ ಅಲ್ವಾ ಸಾರ್."

"ಹೆತ್ತು ದತ್ತು ಕೊಟ್ಟಮೇಲೆ ಮಗು ವಾಪಸ್ ಕೊಡಿ ಅಂತಾರೇನೇ? ಈಗದು ಲೈಬ್ರರೀದು. ನಿನ್ನ ಗಂಟಲಲ್ಲಿರೋದೇ ಈಗ ದಂಡದ್ದು." ಸಾಹೇಬರು ತಮ್ಮ ಮಾತಿಗೆ ತಾವೇ ನಕ್ಕರು. "ನಾಳೆ ಡೈರೆಕ್ಟರ್ ಸಾಹೇಬ್ರು ಮಷಿನ್ನು ನೋಡೋಕೆ ಬರ್ತಾರೆ. ಬೆಳಿಗ್ಗೆನೇ ಒರೆಸಿ ಕಪಾಟಿನ ಹಿಂದೆ ಬಿದ್ಕೊಂಡಿರು. ನಿನ್ನ ಬಾಯಿ ಅಲ್ಲಾಡಿದ್ರೆ ನಿನ್ನ ಕೆಲಸಾನೂ ಅಲ್ಲಾಡ್ತು."

"ಸರಿ ಸಾರ್" ಅಂದಳು. ಸುಸ್ತಾಗಿತ್ತು. ಸಿಟ್ಟು ಬರುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

ಡೈರೆಕ್ಟರ್ ಬಂದರು, ಜೊತೆಗೆ ಕೋಟು ತೊಟ್ಟ ಒಂದು ಹಿಂಡು. ಬಂದಕ್ಕ ಕೊನೆಯ ಕಪಾಟಿನ ಹಿಂದೆ ಕೋಲು ಹಿಡಿದು ನಿಂತು ಪುಸ್ತಕಗಳ ಸಂದಿಯಿಂದ ನೋಡುತ್ತಿದ್ದಳು. ಡೈರೆಕ್ಟರ್ ಏನೋ ಕೇಳಿದರು. "ಇರಿ, ಬಂದೆ" ಅಂತು ಮಷಿನ್ನು. ಎಲ್ಲರೂ ಚಪ್ಪಾಳೆ ತಟ್ಟಿದರು. "ಒಳ್ಳೇ ಮನೆಮಗಳ ಥರ ಮಾತಾಡುತ್ತೆ!" ಅಂದರು ಡೈರೆಕ್ಟರ್. ಸಾಹೇಬರು ಬಾಗಿ ಬಾಗಿ ನಕ್ಕರು.

ಆ ಕೋಟುಗಳ ಪಕ್ಕದಲ್ಲೇ, ಕೌಂಟರಿಗೆ ಕೈಯೂರಿಕೊಂಡು ಟೈಲರ್ ತಾತ ನಿಂತಿದ್ದ. ಸೂಜಿಗೆ ದಾರ ಪೋಣಿಸಿ ಪೋಣಿಸಿ ಕಣ್ಣು ಮಂಜಾದವನು. ದಪ್ಪಕ್ಷರದ ಕಥೆ ಪುಸ್ತಕವೊಂದನ್ನೇ ಮೂಗಿಗೆ ಹಿಡಿದು ಓದುವುದು ಅವನ ರೂಢಿ. ಬಂದಕ್ಕ ಅದನ್ನು ಮೇಲಿನ ಸಾಲಿನಿಂದ ಇಳಿಸಿಕೊಡುತ್ತಿದ್ದಳು. ಅವರೆಲ್ಲ ಬರುವ ಮೊದಲೇ ಅವನು ಮಷಿನ್ನಿಗೆ ಆ ಪುಸ್ತಕ ಕೇಳಿದ್ದ. ಮಷಿನ್ನು ಬಂದೆ ಅಂದಿತ್ತು. ನಂಬರು ಹೇಳಿದ್ದು ಅವನ ತಲೆಗೆ ಹೋಗಿರಲಿಲ್ಲ. ಆಗಿನಿಂದಲೂ ಕಾಯುತ್ತಿದ್ದ.

"ಯಾವನಯ್ಯ ಈ ಮುದುಕ, ಫೋಟೋಗೆ ಅಡ್ಡ? ಎಳೆದು ಹಾಕೋ ಆಚೆ!" ಸಾಹೇಬರು ವಾಚ್‌ಮನ್‌ಗೆ ಹಲ್ಲು ಕಚ್ಚಿ ಹೇಳಿದರು.

"ಬಂದೆ ಅಂದ್ಲು ಸ್ವಾಮಿ," ಅಂದ ತಾತ. "ಕಾಯ್ತಿದೀನಿ."

"ಯಾರೂ ಬರಲ್ಲ ನಡಿಯಯ್ಯಾ!"

"ಬರ್ತಾಳೆ ಸ್ವಾಮಿ. ಆಯಮ್ಮ ಸುಳ್ಳು ಹೇಳೋಳಲ್ಲ."

ವಾಚ್‌ಮನ್ ರಟ್ಟೆ ಹಿಡಿದು ಎಳೆದ. ತಾತ ಕೌಂಟರಿನ ಅಂಚನ್ನು ಬಿಡಲಿಲ್ಲ.

ಬಂದಕ್ಕನಿಗೆ ಮನೆಯ ಒಲೆ ಕಂಡಿತು, ಮಂಚ ಕಂಡಿತು. ಕೋಲನ್ನು ಕಪಾಟಿಗೆ ಒರಗಿಸಿದಳು.

"ಬಂದೆ ತಾತ," ಅಂದಳು. ಹಾಲ್ ತುಂಬ ಕೇಳಿಸಿತು. "ಬಂದೆ, ಇರು. ಕೈ ಬಿಡೋ ವಾಚ್‌ಮನ್, ಮೂಳೆ ಮುರಿದೀತು."

ಡೈರೆಕ್ಟರ್ ಅದೇ ಹೊತ್ತಿಗೆ ಇನ್ನೊಂದು ಪ್ರಶ್ನೆ ಕೇಳಿದ್ದರು. ಮಷಿನ್ನು ಉಸಿರೆತ್ತಲಿಲ್ಲ. ಮತ್ತೆ ಕೇಳಿದರು. ಇಲ್ಲ.

"ಬಾಯಿ ಮುಚ್ಚೇ!" ಸಾಹೇಬರ ಮುಖ ಕಪ್ಪಿಟ್ಟಿತು. ಬಂದಕ್ಕ ಏಣಿಯನ್ನು ದರದರನೆ ಎಳೆದುಕೊಂಡು ಬಂದು ಕಪಾಟಿಗೆ ಹಾಕಿದಳು. ಬಾಯಿ ಮಾತ್ರ ನಿಲ್ಲಿಸಲಿಲ್ಲ. "ಕಾಲು ಹೇಗಿದೆ ತಾತ? ನಂದೂ ನೋಯುತ್ತೆ. ಮಂಡಿ ಕಟಕಟ ಅನ್ನುತ್ತೆ ಕೇಳು. ಮನೇಲಿ ಅತ್ತೆ ಕಾಯ್ತಿರ್ತಾಳೆ, ಬೈತಿರ್ತಾಳೆ, ಬೈಲಿ. ಇಗೋ, ನಿನ್ನ ಪುಸ್ತಕದ ಮೇಲೆ ಎಷ್ಟು ಧೂಳು ಕೂತಿದೆ ನೋಡು..."

ತಾತನಿಗೆ ಪುಸ್ತಕ ಕೊಟ್ಟು, ಉಳಿದವುಗಳ ಧೂಳು ಕೊಡವಲು ಮತ್ತೆ ಏಣಿ ಹತ್ತಿದಳು. ಅಷ್ಟರಲ್ಲಿ ಮೂಲೆಯ ಮೇಜಿನಿಂದ ಯಾರೋ, "ಅಕ್ಕಾ, ಇಲ್ಲೊಂದು..." ಅಂದರು. ಅದು ಮೊನ್ನೆಯ ಬಸುರಿ ಹೆಂಗಸು.

"ಇರಿ, ಬಂದೆ!"

"ಇಳಿಸ್ರೋ ಅವಳನ್ನ!" ಅಂದರು ಸಾಹೇಬರು. ವಾಚ್‌ಮನ್ ಏಣಿಯ ಬುಡಕ್ಕೆ ಬಂದು ನಿಂತ. ಕೈ ಹಾಕುವುದೋ ಬೇಡವೋ ಎಂದು ಒಮ್ಮೆ ಅವರ ಮುಖ, ಒಮ್ಮೆ ಅವಳ ಹಿಮ್ಮಡಿ ನೋಡಿದ. ಗದ್ದಲಕ್ಕೆ ಅಂಟಿನಣ್ಣ ಕೈಯಲ್ಲಿ ಬ್ರಶ್ ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದ.

ಬಂದಕ್ಕ ಮಾತಾಡುತ್ತಲೇ ಇದ್ದಳು. ಹೇಳಲು ಏನೂ ಉಳಿಯದೆ ಈಗ ಪುಸ್ತಕಗಳ ಬೆನ್ನ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದುತ್ತಿದ್ದಳು. ಗಂಟಲು ಒಣಗಿ ದನಿ ಬಿರಿಯುತ್ತಿತ್ತು. ಅವಳು ಉಸಿರೆಳೆಯಲು ನಿಂತಾಗಲೆಲ್ಲ ಕೌಂಟರಿನ ಮೇಲೆ, ಇನ್ನು ತನ್ನ ಸರದಿ ಅನ್ನುವಂತೆ, ಮಷಿನ್ನಿನ ಹಸಿರು ದೀಪ ಮಿಣುಕ್ಕನೆ ಹತ್ತುತ್ತಿತ್ತು.