ನಗುವ ಶಾಟ್

“ಮಣಕಾಲು ಇನ್ನ ಸ್ವಲ್ಪ ಮಡಚ್ರಿ. ತಡಾ ಆದ್ರ ಸೆಟಗೊಂಡು ಬಿಡ್ತಾವು.”

ಹಿರಿಯರೊಬ್ಬರು ಹೇಳುತ್ತಿದ್ದಂತೆ ಶರಣು ತನ್ನ ಕಾಕಾ ಉಳವಪ್ಪನ ಹೆಣದ ಕಾಲುಗಳನ್ನು ಒಂದರ ಮೇಲೊಂದು ಎಳೆದು ಪದ್ಮಾಸನ ಕೂಡಿಸಿದ. ಬೆನ್ನನ್ನು ಗೋಡೆಗೆ ಆನಿಸಿ, ಎದೆಗೆ ಪಂಜೆ ಸುತ್ತಿ ಗೂಟಕ್ಕೆ ಬಿಗಿದರು. ತಲೆ ಮುಂದಕ್ಕೆ ವಾಲಿತು. ಗದ್ದದ ಕೆಳಗೆ ಬಟ್ಟೆ ಕೊಟ್ಟು ನೆತ್ತಿಯ ಮೇಲೆ ಗಂಟು ಹಾಕಿದ ಮೇಲೆ ನೆಟ್ಟಗಾಯಿತು. ಇಷ್ಟೆಲ್ಲ ಮಾಡುವಾಗ ಶರಣು ಒಮ್ಮೆಯೂ ಕಾಕಾನ ಮುಖ ನೋಡಲಿಲ್ಲ. ಅಡುಗೆಮನೆಯ ಬಾಗಿಲಿಗೆ ಆತು ನಿಂತಿದ್ದ ಸುನಿತಾ ಅದನ್ನು ಕಂಡಳು. ಉಳವಪ್ಪನಿಗೆ ಅವಳೊಬ್ಬಳೇ ಮಗಳು.

“ಸಿನಿಮಾದಾಗೆಲ್ಲ ಅಡ್ಡ ಮಲಗೇ ಸಾಯ್ತಿದ್ದ,” ಪಕ್ಕದ ಮನೆಯ ಹಾಲವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ಇವತ್ತ ನೋಡವಾ, ಸಾವಕಾರನಂಗ ಕುಂತಾನ. ಒಂದು ಪಿಚ್ಚರಿನಾಗೂ ಅವಗ ಕುರ್ಚಿ ಕೊಡಲಿಲ್ಲ.”

ಯಾರೋ ನಗಲು ಹೋಗಿ ಕೆಮ್ಮಿದರು.

ಗಂಡನ ಮುಂದೆ ಕುಳಿತಿದ್ದ ಶಿವಬಸವ್ವ ಅಳುತ್ತಿರಲಿಲ್ಲ. ಬೆಳಗಿನಿಂದ ಒಂದೇ ಮಾತು ಕೇಳುತ್ತಿದ್ದಳು.

“ಬಾಯಿಗೆ ನೀರು ಯಾರು ಹಾಕಿದ್ರಿ?”

ಉಳವಪ್ಪ ಸತ್ತದ್ದು ಮನೆಯಲ್ಲಲ್ಲ. ದುಂಡಸಿಯ ಬಸ್‌ಸ್ಟ್ಯಾಂಡಿನ ಎದುರು, ಶರಣುವಿನ ಚಹಾದ ಹೋಟೆಲಿನ ಕಟ್ಟೆಯ ಮೇಲೆ. ಎದೆ ಹಿಡಿದುಕೊಂಡ, ಬಿದ್ದ, ಟಂಟಂ ಆಟೋದಲ್ಲಿ ಶಿಗ್ಗಾವಿಯ ಆಸ್ಪತ್ರೆಯ ದಾರಿ ಹಿಡಿಯುವಷ್ಟರಲ್ಲಿ ಮುಗಿದಿತ್ತು. ಮನೆಗೆ ಬಂದ ಸುದ್ದಿ ಇಷ್ಟೇ. ಗುಟುಕು ನೀರಿಲ್ಲದೆ ಹೋದ ಜೀವ ಬಾಯಾರಿಕೊಂಡೇ ಮನೆಯ ಸುತ್ತ ತಿರುಗುತ್ತದೆ ಎಂದು ಶಿವಬಸವ್ವ ತನ್ನ ಅವ್ವನಿಂದ ಕೇಳಿ ಬಲ್ಲಳು.

“ಅಷ್ಟು ಮಂದಿ ಇದ್ರು, ಹಾಕಿರ್ತಾರ ಬಿಡವಾ,” ಎಂದಳು ಹಾಲವ್ವ.

“ಹಾಕಿರ್ತಾರ ಬ್ಯಾಡ. ಹಾಕಿದವರ ಹೆಸರು ಹೇಳು.”

ಬೆಳಿಗ್ಗೆ ಹೋಟೆಲಿನಲ್ಲಿದ್ದ ನಾಲ್ಕಾರು ಮಂದಿ ಅಂಗಳದಲ್ಲೇ ನಿಂತಿದ್ದರು. ಒಬ್ಬ ಚಪ್ಪಲಿ ಹುಡುಕತೊಡಗಿದ. ಇನ್ನೊಬ್ಬ ಹೂವಿನವನು ಯಾಕೆ ಬರಲಿಲ್ಲವೆಂದು ನೋಡಲು ಹೊರಗೆ ಹೋದ. ಶರಣು ಪಂಜೆಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ.

*

ಉಳವಪ್ಪ ಮೊದಲು ಕಂಪನಿ ನಾಟಕದ ನಟ. ಕಂಪನಿ ಮುಳುಗಿದ ಮೇಲೆ ಸವಣೂರಿನ ನಾಸೀರ ಅವನನ್ನು ಸಿನಿಮಾಕ್ಕೆ ಕರೆದೊಯ್ದ. ಈ ಕಡೆ ಶೂಟಿಂಗ್ ನಡೆದರೆ ಮಂದಿ ಒದಗಿಸುವವನು ನಾಸೀರನೇ. ಅಲ್ಲಿ ಕಳೆದ ಹತ್ತು ವರ್ಷದಲ್ಲಿ ಅವನ ಮೊದಲ ಪಾತ್ರ ಜೀಪಿನ ಬಾಗಿಲು ತೆಗೆಯುವ ಪೊಲೀಸನದು. ಆಮೇಲೆ ನಾಯಕನಿಂದ ಕಪಾಳಕ್ಕೆ ಹೊಡೆಸಿಕೊಳ್ಳುವ ಕುಡುಕ, ಗೌಡನ ಹಿಂದೆ ಛತ್ರಿ ಹಿಡಿಯುವವ, ಮದುವೆಮನೆಯಲ್ಲಿ ಎಂಜಲೆಲೆ ಎತ್ತುವವ. ಮಾಸೂರಿನ ಕೆರೆಯ ದಂಡೆಯ ಮೇಲೆ ಒಂದು ಸಲ ನಾಯಕಿಯ ತಂದೆ ಸಾಯಬೇಕಿತ್ತು. ಬರಬೇಕಾದ ನಟ ಬರಲಿಲ್ಲ. ಛತ್ರಿ ಕಸಿದುಕೊಂಡು ಉಳವಪ್ಪನನ್ನು ಮಲಗಿಸಿದರು.

ಅವನು ಎಲ್ಲರಂತೆ ಕಣ್ಣು ಮುಚ್ಚಿ ಗೋಣು ಚೆಲ್ಲಲಿಲ್ಲ. ಮೊದಲು ಎಡಗೈ ಸಡಿಲಾಯಿತು, ಆಮೇಲೆ ದವಡೆ. ಕಣ್ಣು ತೆರೆದೇ ಇದ್ದವು, ಆದರೆ ನೋಡುವುದನ್ನು ಬಿಟ್ಟಿದ್ದವು. ನಾಯಕಿ ನಿಜವಾಗಿಯೇ ಹೆದರಿ ಚೀರಿದಳು. ಸಿನಿಮಾದಲ್ಲಿ ಆ ಚೀರಾಟವನ್ನೇ ಇಟ್ಟುಕೊಂಡರು.

ಅಲ್ಲಿಂದ ಅವನಿಗೆ ಸಾಯುವುದೇ ಕೆಲಸವಾಯಿತು. ಹಾವು ಕಚ್ಚಿ ಸತ್ತ. ಲಾರಿ ಹಾದು ಸತ್ತ. ಸೊಸೆ ವಿಷ ಹಾಕಿ ಒಮ್ಮೆ, ಮಗ ಜೈಲಿಗೆ ಹೋದನೆಂದು ಎದೆಯೊಡೆದು ಒಮ್ಮೆ. ಹೆಚ್ಚಿನವು ಕತೆ ಶುರುವಾಗುವುದಕ್ಕೆ ಬೇಕಾದ ಸಾವುಗಳು. ಮುಂದೆ ಏನಾಯಿತೆಂದು ಕೇಳಿದರೆ, “ನನಗೇನ ಗೊತ್ತು, ನಾ ಸತ್ತಿದ್ನಲ್ಲ,” ಎನ್ನುತ್ತಿದ್ದ.

ಸತ್ತ ಪಾತ್ರ ಮಾಡಿದವನನ್ನು ಹಾಗೆಯೇ ಎಬ್ಬಿಸಿ ಕಳಿಸುವ ಪದ್ಧತಿ ಸಿನಿಮಾದವರಲ್ಲಿಲ್ಲ. ಕ್ಯಾಮೆರಾದ ಎದುರು ಅವನನ್ನು ಒಮ್ಮೆ ನಗಿಸಿ, ಅದನ್ನೂ ಒಂದು ಶಾಟ್ ತೆಗೆದು, ಅಪಶಕುನ ಕಳೆಯುತ್ತಾರೆ. ಆ ನಗು ಯಾವ ಸಿನಿಮಾದಲ್ಲೂ ಬರುವುದಿಲ್ಲ. ಶಿವಬಸವ್ವ ಗಂಡನ ಒಂದು ಸಿನಿಮಾವನ್ನೂ ನೋಡಿದವಳಲ್ಲ. ಅವನು ಊರಿಗೆ ಬಂದರೆ ಹೊಸ್ತಿಲಲ್ಲೇ ತಡೆಯುತ್ತಿದ್ದಳು.

“ಈ ಸಲನೂ ಸತ್ರೇನು?”

“ಹೂಂ. ಲಾರಿ.”

“ನಗಿಸಿದ್ರೋ ಇಲ್ಲೋ?”

“ಹಲ್ಲು ಕಾಣಂಗ ನಕ್ಕೇನಿ ಮಾರಾಯ್ತಿ. ಒಳಗ ಬಿಡು, ಹಸಿವಿ ಆಗೇತಿ.”

ಕಣ್ಣಿಗೆ ಪೊರೆ ಬಂದ ಮೇಲೆ ಕರೆಯುವವರು ಕಡಿಮೆಯಾದರು, ಆಮೇಲೆ ಇಲ್ಲವೇ ಆದರು. ಉಳವಪ್ಪ ಶರಣುವಿನ ಹೋಟೆಲಿನ ಕಟ್ಟೆಯ ಮೇಲೆ ಕೂರತೊಡಗಿದ. ಬಸ್ಸಿಗೆ ಕಾದವರು ಸುಮ್ಮನಿರುತ್ತಿರಲಿಲ್ಲ.

“ಕಾಕಾ, ಒಮ್ಮೆ ಸತ್ತು ತೋರಸ್ರಿ.”

“ಯಾವುದು ಬೇಕು? ಹಾವಿಂದೋ, ಎದಿಂದೋ?”

ಚಹಾ ಮುಗಿಸಿ, ಟೊಪ್ಪಿಗೆ ತೆಗೆದಿಟ್ಟು ಬೀಳುತ್ತಿದ್ದ. ಮಂದಿ ಮಾತು ನಿಲ್ಲಿಸುತ್ತಿದ್ದರು. ಹೊಸ ಗಿರಾಕಿಯೊಬ್ಬ ಗಾಬರಿಯಾಗಿ ಮುಂದೆ ಬಂದರೆ ಉಳಿದವರು ಅವನ ಅಂಗಿ ಹಿಡಿದು ಜಗ್ಗುತ್ತಿದ್ದರು. ಉಳವಪ್ಪ ಬೇಕೆಂದೇ ತಡಮಾಡಿ, ಒಂದು ಕಣ್ಣು ಕಿರಿದು ಮಾಡಿ ನೋಡಿ, ನಗುತ್ತಿದ್ದ. ಚಪ್ಪಾಳೆ ಬೀಳುತ್ತಿದ್ದುದು ಆಗಲೇ. ಹೋಟೆಲಿಗೆ ಗಿರಾಕಿ ಹೆಚ್ಚಿದರು. ಬಿದ್ದರೆ ಮೈ ನೋಯದಿರಲೆಂದು ಶರಣು ಕಟ್ಟೆಯ ಮೇಲೆ ಎರಡು ಗೋಣಿಚೀಲ ಹಾಸಿಟ್ಟ.

*

ಮಧ್ಯಾಹ್ನ ನಾಸೀರ ಬಂದ. ಮಾಲೆ ಹಾಕಿ, ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕುಳಿತು ಸದ್ದಿಲ್ಲದೆ ಅತ್ತ. ಸುನಿತಾ ತಂಬಿಗೆಯಲ್ಲಿ ನೀರು ಒಯ್ದು ಕೊಟ್ಟಳು.

“ಹೋದ ಅಂತ ಫೋನ್ ಬಂದ್ರೂ ನಂಬಲಿಲ್ಲ ಬೇಟಿ. ಆ ವಿಡಿಯೋ ನೋಡಿದ್ದೆ ಅಲ್ಲ, ಚೇಷ್ಟೆ ಅನಕೊಂಡೆ.”

“ಯಾವ ವಿಡಿಯೋ?”

ನಾಸೀರ ತಂಬಿಗೆ ಕೆಳಗಿಟ್ಟ. ಹೊರಗಿನವರ ಎದುರು ತಲೆ ಎತ್ತಿ ಮಾತಾಡದ ಹುಡುಗಿ ಕೈ ಚಾಚಿ ನಿಂತಿದ್ದಳು. ಅವನು ಫೋನು ಕೊಟ್ಟ.

ಅಪ್ಪ ಕಟ್ಟೆಯ ಮೇಲಿದ್ದ. ಚಹಾದ ಗ್ಲಾಸು ಕೈಯಿಂದ ಜಾರಿತು. ಅವನು ಗೋಣಿಚೀಲದ ಮೇಲೆ ಬೀಳಲಿಲ್ಲ, ಈಚೆ ಬರೀ ಕಲ್ಲಿನ ಮೇಲೆ ಬಿದ್ದ. “ಎದಿಂದು ಲೇ ಇದು, ಎದಿಂದು,” ಎಂದಿತು ಒಂದು ಧ್ವನಿ. “ಇವತ್ತ ಜಬರದಸ್ತ್ ಬಿಡ್ರಿ ಕಾಕಾ.” ಅಪ್ಪನ ಬಲಗೈ ನೀರಿನ ಕೊಡದ ಕಡೆ ಚಾಚಿಕೊಂಡಿತು, ಕೆಳಗೆ ಬಿತ್ತು, ಮತ್ತೊಮ್ಮೆ ಚಾಚಿಕೊಂಡಿತು. ಯಾರೋ ಮುಂದೆ ಹೆಜ್ಜೆ ಇಟ್ಟರು. ಆಗ ಶರಣುವಿನ ಧ್ವನಿ, ನಗುತ್ತ: “ಏ, ಯಾರೂ ಮುಟ್ಟಬ್ಯಾಡ್ರಿ. ನಗೂ ತನಕಾ ತಡೀರಿ.”

ಎಲ್ಲರೂ ತಡೆದರು. ಹಿಂದೆ ಒಂದು ಬಸ್ಸು ಬಂದು, ಮಂದಿ ಇಳಿಸಿ, ಹೋಯಿತು. ವಿಡಿಯೋ ಮುಗಿದಾಗ ಇನ್ನೂ ತಡೆದೇ ನಿಂತಿದ್ದರು.

“ನಾನೂ ನಕ್ಕೆ,” ಎಂದ ನಾಸೀರ. “ಏನ್ ಮಾಡ್ಯಾನ ಅಂತ ಡೈರೆಕ್ಟರಿಗೆ ಕಳಿಸಿದೆ. ಈ ಮುದುಕನ್ನ ಮುಂದಿನ ಪಿಚ್ಚರಿಗೆ ಹಿಡದಿಡು ಅಂತ ಬರದಾನ.”

“ಅಳಸ್ರಿ.”

“ನನ್ನದು ಅಳಸ್ತೇನಿ. ಊರಾಗ ಎಷ್ಟು ಫೋನಿನಾಗ ಐತೋ.”

“ಅವ್ವನ ಕಡೆ ಫೋನಿಲ್ಲ,” ಎಂದಳು ಸುನಿತಾ.

*

ಹೆಣ ಕೂಡಿಸಿ ಒಯ್ಯುವ ಬಿದಿರಿನ ವಿಮಾನ ಅಂಗಳಕ್ಕೆ ಬಂತು. ಭಜನೆಯವರು ತಾಳ ಹಿಡಿದರು. ಎತ್ತಲು ನಾಲ್ವರು ಬಗ್ಗಿದಾಗ ಶಿವಬಸವ್ವ ಗಂಡನ ಮಡಚಿದ ಕಾಲುಗಳನ್ನು ತಬ್ಬಿ ಹಿಡಿದಳು.

“ನೀರು ಹಾಕಿದವರು ಯಾರಂತ ಹೇಳೂ ತನಕಾ ಎತ್ತಾಕ ಬಿಡಂಗಿಲ್ಲ.”

“ಹೊತ್ತು ಇಳೀತೈತಿ ಶಿವಬಸವ್ವ,” ಎಂದರು ಹಿರಿಯರು.

“ಇಳೀಲಿ. ನೀರಿಲ್ದ ಹೋಗಿದ್ರ ಹಂಗರ ಹೇಳ್ರಿ, ಈಗ ಹಾಕ್ತೇನಿ. ಗಂಟಲಾಗ ಇಳೀತೈತೇನು ಈಗ?”

ತಾಳ ನಿಂತಿತು.

“ನಾ ಹಾಕಿದೆ ಕಾಕು,” ಎಂದ ಶರಣು.

“ನೀನೇನು?”

“ಹೂಂ. ಎರಡು ಗುಟುಕು ಕುಡದ.”

ಶಿವಬಸವ್ವ ಅವನ ಮುಖ ನೋಡಿದಳು. ಆಮೇಲೆ ಮಗಳ ಕಡೆ ತಿರುಗಿದಳು. ಮನೆಯೊಳಗೆ ಯಾರು ಏನು ಮುಚ್ಚಿಟ್ಟರೂ ಈ ಹುಡುಗಿ ಕಂಡಿರುತ್ತಾಳೆಂಬುದು ಅವಳಿಗೆ ಗೊತ್ತಿತ್ತು.

“ಹೌದೇನ ಸುನಿ?”

ಶರಣು ಅವಳನ್ನೇ ನೋಡುತ್ತಿದ್ದ. ಅವಳು ವಿಡಿಯೋ ನೋಡಿದ್ದಾಳೆಂದು ಅವನಿಗೆ ತಿಳಿಯಿತು. ನಾಸೀರ ಗೋಡೆಯ ಕಡೆ ಮುಖ ಮಾಡಿದ. ಒಂದು ಮಾತು ಸಾಕಿತ್ತು. ಆ ಮಾತು ಸುನಿತಾಳ ಬಾಯಿಯೊಳಗೆ ತಯಾರಾಗಿಯೇ ಇತ್ತು. ಆದರೆ ಅದು ಹೊರಬಿದ್ದರೆ ಅವ್ವ ಉಳಿದಷ್ಟು ದಿನವೂ ಕೊಡ ಹಿಡಿದು ಹೊಸ್ತಿಲಲ್ಲಿ ಕೂರುತ್ತಾಳೆ.

“ಹೌದವ್ವ,” ಎಂದಳು. “ಕುಡದ್ನಂತ.”

ಶಿವಬಸವ್ವ ಎದ್ದಳು. ಶರಣುವಿನ ಬಲಗೈಯನ್ನು ಹಿಡಿದು ಎರಡೂ ಕಣ್ಣಿಗೆ ಒತ್ತಿಕೊಂಡಳು. ಬೆಳಗಿನಿಂದ ಬಾರದ ಅಳು ಆ ಕೈಯ ಮೇಲೆ ಸುರಿಯಿತು.

“ಗಂಡಮಗ ಇಲ್ಲದವಗ ನೀನ ಮಗ ಆದಿ. ಮೊದಲನೇ ಮಣ್ಣು ಈ ಕೈಲೇ ಬೀಳಲಿ.”

“ಬ್ಯಾಡ ಕಾಕು. ಹಿರೇರು ಹಾಕ್ಲಿ.”

“ನೀನ ಹಾಕು.”

ಹೊಲದ ಬದುವಿನ ಹತ್ತಿರ ಕುಣಿ ತೋಡಿತ್ತು. ಉಳವಪ್ಪನನ್ನು ಒಳಗಿಳಿಸಿ ಕೂಡಿಸಿದರು. ವಿಭೂತಿ, ಪತ್ರಿ ಬಿದ್ದವು. ಶರಣು ಅಂಚಿಗೆ ಬಂದು, ಬಗ್ಗಿ, ಒಂದು ಹಿಡಿ ಹಸಿಮಣ್ಣು ತೆಗೆದುಕೊಂಡ. ಕೈ ಮುಂದೆ ಚಾಚಿದ.

“ಹಾಕಪಾ,” ಎಂದರು ಹಿರಿಯರು.

ಕೈ ತೆರೆಯಲಿಲ್ಲ. ಮುಷ್ಟಿ ಬಿಗಿಯಾಗುತ್ತ ಹೋಗಿ ಗೆಣ್ಣುಗಳು ಬೆಳ್ಳಗಾದವು. “ಹಾಕೋ ಶರಣು,” ಎಂದ ಇನ್ನೊಬ್ಬ. ಸುತ್ತ ನಿಂತವರಲ್ಲಿ ಬೆಳಗಿನ ಮಂದಿಯೂ ಇದ್ದರು. ಯಾರೂ ಮುಂದೆ ಬರಲಿಲ್ಲ.

ಶಿವಬಸವ್ವ ಬಂದಳು. ತಾಯಿ ಮಗನ ಕೈ ಹಿಡಿಯುವಂತೆ ಆ ಮುಷ್ಟಿಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ಏನನ್ನೋ ಮೆಲ್ಲಗೆ ಹೇಳುತ್ತ, ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಬಿಡಿಸತೊಡಗಿದಳು.